ಎದೇಲಿ ತುತ್ತು ನಿಂತ್ಕೊಳ್ಳೋದನ್ನ ಗ್ಯಾಸ್ಟ್ರಿಕ್ ಅಂತ ಬಿಟ್ಟುಬಿಡಬೇಡಿ | ಅನ್ನನಾಳದ ಸ್ಪಾಸಮ್

[ತಟ್ಟೇಲಿ ಬಿಸಿ ಮುದ್ದೆ, ಪಕ್ಕದಲ್ಲಿ ಬಸ್ಸಾರು. ಕ್ಯಾಮೆರಾ ಹತ್ತಿರದಿಂದ.]

ಎಲ್ರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವಳು, ನಮ್ಮನೇಲಿ ಮುದ್ದೆ ಯಾರೂ ಅಗಿಯಲ್ಲ, ಬೆರಳಲ್ಲಿ ಮುರ್ಕೊಂಡು ಸಾರಲ್ಲಿ ಹೊರಳಿಸಿ ಹಾಗೇ ನುಂಗ್ತೀವಿ, ಚಿಕ್ಕವಳಿದ್ದಾಗ ಅಗಿದ್ರೆ ಅಜ್ಜಿ "ಮುದ್ದೆ ಯಾರಾದ್ರೂ ಅಗೀತಾರೇನೇ, ನುಂಗು" ಅಂತ ಬೈತಿದ್ರು. ಹಂಗೆ ನುಂಗ್ತಾ ಬೆಳೆದ ನನಗೆ ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಮುದ್ದೆ ತುತ್ತು ಎದೆ ನಡುವೆ ನಿಂತೋಯ್ತು. ಗಂಟಲಲ್ಲಿ ಅಲ್ಲ ಮತ್ತೆ, ಎದೇಲಿ. ಮೇಲಕ್ಕೂ ಬರ್ತಿಲ್ಲ ಕೆಳಕ್ಕೂ ಇಳೀತಿಲ್ಲ, ನೀರು ಕುಡಿದ್ರೆ ನೀರೂ ಅದರ ಮೇಲೇ ನಿಂತು ವಾಪಸ್ ಬಾಯಿಗೆ ಬಂತು. ಆಮೇಲೆ ನೋವು ಶುರುವಾಯ್ತು ನೋಡಿ, ಒದ್ದೆ ಬೆಡ್‌ಶೀಟ್ ಹಿಂಡ್ತೀವಲ್ಲ ಹಂಗೆ ಎದೆ ಒಳಗೆ ಯಾರೋ ಹಿಂಡ್ತಿದಾರೆ ಅನ್ನಿಸ್ತು, ಬೆನ್ನಿಗೆ ಹೊಡೀತು, ದವಡೆವರೆಗೂ ಬಂತು, ಮೈಯೆಲ್ಲ ಬೆವರು.

ನಮ್ಮನೆಯವ್ರು ಹಾರ್ಟ್ ಅಟ್ಯಾಕ್ ಅಂತ್ಲೇ ಅಂದ್ಕೊಂಡು ಕಾರು ತೆಗೆದ್ರು. ಆಸ್ಪತ್ರೇಲಿ ಇಸಿಜಿ ಮಾಡಿದ್ರು, ರಕ್ತ ತಗೊಂಡ್ರು, ಎಲ್ಲ ನಾರ್ಮಲ್. "ಗ್ಯಾಸ್ಟ್ರಿಕ್ ಅಮ್ಮ, ಖಾರ ಕಮ್ಮಿ ಮಾಡಿ" ಅಂತ ಪ್ಯಾಂಟಪ್ರಜೋಲ್ ಅನ್ನೋ ಆಸಿಡ್ ಮಾತ್ರೆ ಬರ್ಕೊಟ್ಟು ಕಳಿಸಿದ್ರು. ಇದೇ ಥರ ಇನ್ನೂ ಎರಡು ಸಲ ಆಯ್ತು, ಎರಡು ಸಲವೂ ಅದೇ ಮಾತು, ಅದೇ ಮಾತ್ರೆ. ಒಂದೂವರೆ ವರ್ಷ ಹಿಂಗೇ ಹೋಯ್ತು, ಒಂಬತ್ತು ಕೆಜಿ ಇಳಿದೆ, ನೆಂಟ್ರು "ಏನು ಡಯಟ್ ಮಾಡ್ತಿದೀಯಾ" ಅಂತ ಕೇಳೋರು.

ಕೊನೆಗೆ ಗೊತ್ತಾಗಿದ್ದು ಇದು ಅನ್ನನಾಳದ ಸ್ಪಾಸಮ್ ಅಂತ. ನಾನು ಡಾಕ್ಟರ್ ಅಲ್ಲ, ಈ ಕಾಯಿಲೆ ಜೊತೆ ದಿನಾ ಊಟ ಮಾಡ್ತಿರೋಳು. ನಮ್ಮಲ್ಲಿ ಎದೆ ಉರಿದ್ರೂ ಗ್ಯಾಸ್ಟ್ರಿಕ್, ತೇಗು ಬಂದ್ರೂ ಗ್ಯಾಸ್ಟ್ರಿಕ್, ಅನ್ನ ಇಳೀದೇ ಇದ್ರೂ ಗ್ಯಾಸ್ಟ್ರಿಕ್. ಆ ಒಂದು ಪದದ ಕೆಳಗೆ ಬೇರೆ ಬೇರೆ ಕಾಯಿಲೆ ಮುಚ್ಚಿಹೋಗ್ತಿದೆ, ಅದಕ್ಕೆ ಈ ವಿಡಿಯೋ.

[ಕೈಯಿಂದ ಹಸು ಹಾಲು ಕರೆಯೋ ದೃಶ್ಯ.]

ಮೊದಲು ನುಂಗೋದು ಹೇಗೆ ನಡೆಯುತ್ತೆ ಅಂತ ನೋಡೋಣ. ಬಾಯಿಂದ ತುತ್ತು ಹೊಟ್ಟೆಗೆ ಸುಮ್ನೆ ಬೀಳಲ್ಲ. ಗಂಟಲಿಂದ ಹೊಟ್ಟೆವರೆಗೂ ಸುಮಾರು 25 ಸೆಂಟಿಮೀಟರ್ ಉದ್ದದ ಮಾಂಸದ ಕೊಳವೆ ಇದೆ, ಅದೇ ಅನ್ನನಾಳ. ಅದು ತುತ್ತನ್ನ ಮೇಲಿಂದ ಕೆಳಗೆ ಒತ್ತಿ ಒತ್ತಿ ಕಳಿಸುತ್ತೆ, ಮಲಗಿದ್ರೂ ಕಳಿಸುತ್ತೆ, ತಲೆಕೆಳಗಾಗಿ ನಿಂತ್ರೂ ಕಳಿಸುತ್ತೆ. ಹಾಲು ಕರೆಯೋದನ್ನ ನೋಡಿರೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಮೊದಲು ಹೆಬ್ಬೆರಳು ತೋರುಬೆರಳು ಮೇಲೆ ಬಿಗಿ ಹಿಡಿಯುತ್ತೆ, ಆಮೇಲೆ ನಡುಬೆರಳು, ಆಮೇಲೆ ಉಂಗುರದ ಬೆರಳು, ಕೊನೆಗೆ ಕಿರುಬೆರಳು, ಹಂಗೆ ಸಾಲಾಗಿ ಒತ್ತಿದ್ರೆ ಹಾಲು ಸರ್ ಅಂತ ಬಕೆಟ್‌ಗೆ ಬೀಳುತ್ತೆ. ಹೊಸಬರು ಬಂದು ಐದೂ ಬೆರಳು ಒಟ್ಟಿಗೆ ಅದುಮಿದ್ರೆ ಹಾಲು ಸರಿಯಾಗಿ ಬರಲ್ಲ, ಮೇಲಕ್ಕೇ ಹೋಗುತ್ತೆ, ಹಸು ಒದೆಯುತ್ತೆ.

ಸ್ಪಾಸಮ್ ಅಂದ್ರೆ ಅದೇ. ಅನ್ನನಾಳದ ಕೆಳಭಾಗ ತನ್ನ ಸರದಿ ಬರೋಕೆ ಮುಂಚೆನೇ ಹಿಂಡಿಬಿಡುತ್ತೆ, ಎಲ್ಲ ಕಡೆ ಒಟ್ಟಿಗೆ ಹಿಂಡುತ್ತೆ, ಮಧ್ಯ ಸಿಕ್ಕಿರೋ ತುತ್ತು ಅಲ್ಲೇ ಒದ್ದಾಡುತ್ತೆ. ಅಮೆರಿಕದ ಹ್ಯಾಮಿಲ್ಟನ್ ಆಸ್ಗುಡ್ ಅನ್ನೋ ಡಾಕ್ಟರ್ 1889ರಲ್ಲೇ ಇದರ ಬಗ್ಗೆ ಬರೆದಿದಾರೆ, ಊಟ ಮಾಡೋವಾಗ ಇದ್ದಕ್ಕಿದ್ದಂಗೆ ಎದೆ ಹಿಡ್ಕೊಳ್ಳೋ ರೋಗಿಗಳ ಬಗ್ಗೆ. ಆ ಹೆಸರು ಓದಿದ ದಿನ ನಾನು ಅತ್ತೆ ನಿಜವಾಗ್ಲೂ, ನನ್ನ ನೋವಿಗೆ ನೂರು ವರ್ಷಕ್ಕಿಂತ ಹಳೇ ಹೆಸರಿದೆ, "ಎಲ್ಲ ನಿನ್ನ ಮನಸ್ಸಲ್ಲಿರೋದು" ಅಂತ ಅಂದೋರು ತಪ್ಪು ಅಂತ.

ಆದ್ರೆ ಒಂದು ವಿಷಯ ಬಹಳ ಗಟ್ಟಿಯಾಗಿ ಹೇಳ್ತೀನಿ. ಎದೆ ನೋವು ಬಂದ್ರೆ ಮೊದಲು ಹಾರ್ಟೇ ನೋಡಿಸ್ಬೇಕು. ಪ್ರತಿ ಹೊಸ ಎದೆ ನೋವಿಗೂ, "ಅವಳಿಗೆ ಸ್ಪಾಸಮ್ ಇತ್ತಂತೆ ನನಗೂ ಅದೇ ಇರ್ಬೇಕು" ಅಂತ ಮನೇಲಿ ಕೂರಬೇಡಿ. ಯಾಕಂದ್ರೆ ಎರಡೂ ನೋವು ಒಂದೇ ಥರ ಇರುತ್ತೆ, ಎಷ್ಟು ಒಂದೇ ಥರ ಅಂದ್ರೆ ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಮಾತ್ರೆಗೆ ಹಾರ್ಟಿನ ನೋವೂ ಕಮ್ಮಿ ಆಗುತ್ತೆ, ಅನ್ನನಾಳದ ನೋವೂ ಕಮ್ಮಿ ಆಗುತ್ತೆ, ಅದು ಅಲ್ಲೂ ಇಲ್ಲೂ ಸ್ನಾಯು ಸಡಿಲ ಮಾಡುತ್ತೆ. ಹಂಗಾಗಿ ಆ ಮಾತ್ರೆಗೆ ನೋವು ಹೋಯ್ತು ಅಂದ್ರೆ ಹಾರ್ಟೇ ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ.

ಹಾರ್ಟ್ ಸರಿ ಇದೆ ಅಂತ ಆದ್ಮೇಲೆ ಎಂಡೋಸ್ಕೋಪಿ. ನನ್ನ ಎಂಡೋಸ್ಕೋಪಿ ನಾರ್ಮಲ್ ಬಂತು, ರಿಪೋರ್ಟ್ ಹಿಡ್ಕೊಂಡು ಏನು ಮಾಡ್ಬೇಕು ಗೊತ್ತಾಗ್ಲಿಲ್ಲ. ಅದು ಕ್ಯಾಮೆರಾ, ಗಾಯ, ಗಂಟು, ಕಿರಿದಾಗಿರೋ ಜಾಗ ಎಲ್ಲ ಕಾಣಿಸುತ್ತೆ, ಆದ್ರೆ ಸ್ನಾಯು ಯಾವ ತಾಳದಲ್ಲಿ ಹಿಂಡ್ತಿದೆ ಅನ್ನೋದನ್ನ ಅದು ಅಳೆಯಲ್ಲ. ಹಂಗಂತ ಅದನ್ನ ಬಿಡಬಾರ್ದು, ಅದು ಯಾಕೆ ಅಂತ ಆಮೇಲೆ ಹೇಳ್ತೀನಿ. ಬೇರಿಯಂ ಅನ್ನೋ ಬಿಳಿ ಸುಣ್ಣದ ನೀರಿನ ಥರದ್ದನ್ನ ಕುಡಿಸಿ ಎಕ್ಸ್‌ರೇ ತೆಗೀತಾರೆ, ಕೆಲವರಿಗೆ ಅದ್ರಲ್ಲಿ ಅನ್ನನಾಳ ಸ್ಕ್ರೂ ಥರ ತಿರುಚಿಕೊಂಡಿರೋದು ಕಾಣುತ್ತೆ. ನಿಜವಾದ ಉತ್ತರ ಕೊಡೋದು ಮಾತ್ರ ಮ್ಯಾನೋಮೆಟ್ರಿ.

[ಮೂಗಿಂದ ಹೊಟ್ಟೆಗೆ ಹೋಗೋ ಸಣ್ಣ ಟ್ಯೂಬ್‌ನ ಚಿತ್ರ.]

ಇದರ ಬಗ್ಗೆ ಜನ ತುಂಬ ಹೆದರ್ತಾರೆ ಅದಕ್ಕೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಖಾಲಿ ಹೊಟ್ಟೇಲಿ ಹೋಗ್ಬೇಕು. ಮೂಗಿಗೆ ಮರಗಟ್ಟಿಸೋ ಜೆಲ್ ಹಚ್ಚಿದ್ರು, ಪೆನ್ ರೀಫಿಲ್‌ಗಿಂತ ಸ್ವಲ್ಪ ದಪ್ಪ ಟ್ಯೂಬ್ ಮೂಗಲ್ಲಿ ಬಿಟ್ರು, ಗಂಟಲಿಗೆ ಬಂದಾಗ ಕೆಟ್ಟದಾಗಿ ವಾಕರಿಕೆ ಬಂತು, ಕಣ್ಣಲ್ಲಿ ನೀರು, ಸಿಸ್ಟರ್ "ನುಂಗಿ ಅಕ್ಕ, ನುಂಗ್ತಾ ಇರಿ" ಅಂತ ಕೈ ಹಿಡ್ಕೊಂಡಿದ್ರು. ಕೆಳಗೆ ಇಳಿದ್ಮೇಲೆ ಅಷ್ಟೊಂದು ಕಷ್ಟ ಇರ್ಲಿಲ್ಲ. ಆ ಟ್ಯೂಬ್ ಉದ್ದಕ್ಕೂ ಒತ್ತಡ ಅಳೆಯೋ ಸೆನ್ಸರ್ ಇರುತ್ತೆ. ಮಲಗಿಸಿ ಸಿರಿಂಜಲ್ಲಿ 5 ಎಂಎಲ್ ನೀರು ಬಾಯಿಗೆ ಬಿಡ್ತಾರೆ, ಒಂದೇ ಸಲ ನುಂಗ್ಬೇಕು, ಮಧ್ಯದಲ್ಲಿ ಇನ್ನೊಂದು ಸಲ ಎಂಜಲು ನುಂಗಂಗಿಲ್ಲ. ಹಿಂಗೆ 10 ಸಲ. ಸ್ಕ್ರೀನ್ ಮೇಲೆ ಪ್ರತಿ ಗುಟುಕೂ ಬಣ್ಣದ ಅಲೆ ಥರ ಬರುತ್ತೆ, ಸರಿ ಇರೋರಿಗೆ ಅಲೆ ನಿಧಾನಕ್ಕೆ ಓರೆಯಾಗಿ ಕೆಳಗೆ ಇಳಿಯುತ್ತೆ, ನನ್ನದು ಕೆಲವು ಸಲ ಗೋಡೆ ಥರ ನೆಟ್ಟಗೆ ನಿಂತುಬಿಡ್ತಿತ್ತು.

ಲೆಕ್ಕ ಏನಂದ್ರೆ, ನುಂಗೋಕೆ ಶುರು ಮಾಡಿದ್ಮೇಲೆ ಅಲೆ ಕೆಳಭಾಗಕ್ಕೆ ಬರೋಕೆ ಕಮ್ಮಿ ಅಂದ್ರೂ 4.5 ಸೆಕೆಂಡ್ ತಗೋಬೇಕು. 10 ಗುಟುಕಲ್ಲಿ 2 ಅಥವಾ ಜಾಸ್ತಿ ಗುಟುಕು ಅದಕ್ಕಿಂತ ಬೇಗ ಬಂದ್ರೆ, ಜೊತೆಗೆ ನಮ್ಮ ಥರ ತೊಂದರೇನೂ ಇದ್ರೆ ಸ್ಪಾಸಮ್ ಅಂತಾರೆ. ನಂದು 4 ಇತ್ತು. ಕೆಲವರಿಗೆ ಟೈಮಿಂಗ್ ಸರಿ ಇರುತ್ತೆ, ಹಿಂಡೋ ಜೋರು ವಿಪರೀತ ಇರುತ್ತೆ, ಅದಕ್ಕೆ ಜ್ಯಾಕ್‌ಹ್ಯಾಮರ್ ಅಂತಾರೆ, ರೋಡ್ ಒಡೆಯೋ ಮಷಿನ್ ಹೆಸರು.

ಅನ್ನನಾಳದ ಇನ್ನೊಂದು ಕಾಯಿಲೆ ಅಕಲೇಸಿಯಾ. ಇದ್ರಲ್ಲಿ ಅನ್ನನಾಳದಿಂದ ಹೊಟ್ಟೆಗೆ ಇಳಿಯೋ ಬಾಗಿಲೇ ಸರಿಯಾಗಿ ತೆಗೆಯಲ್ಲ, ಊಟ ಮೇಲೇ ತುಂಬ್ಕೊಂಡು ರಾತ್ರಿ ಮಲಗಿದಾಗ ದಿಂಬಿಗೆ ವಾಪಸ್ ಬರುತ್ತೆ. 1670ರ ದಶಕದಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅನ್ನೋ ಡಾಕ್ಟರ್ ಇಂಥ ಒಬ್ಬ ರೋಗಿಗೆ ತಿಮಿಂಗಿಲದಿಂದ ಸಿಗೋ ಬಾಗೋ ಕಡ್ಡಿ ತುದಿಗೆ ಸ್ಪಂಜ್ ಕಟ್ಟಿ ಕೊಟ್ಟಿದ್ರು, ಆತ ಊಟ ಮಾಡಿ ಅದ್ರಲ್ಲೇ ಅನ್ನನ ಕೆಳಗೆ ತಳ್ಕೊಳ್ತಿದ್ದ. ಈಗ ಅದಕ್ಕೆ ಪೊಯೆಮ್ ಅನ್ನೋ ವಿಧಾನ ಇದೆ, ಜಪಾನಿನ ಡಾ. ಇನೋಯೆ 2008ರಲ್ಲಿ ಮೊದಲ ಸಲ ರೋಗಿಗೆ ಮಾಡಿದ್ದು, ಹೊರಗೆ ಎಲ್ಲೂ ಕೊಯ್ಯದೇ ಬಾಯಿಂದಲೇ ಎಂಡೋಸ್ಕೋಪ್ ಬಿಟ್ಟು ಬಿಗಿಯಾದ ಸ್ನಾಯು ಕತ್ತರಿಸ್ತಾರೆ. ನಮ್ಮ ದೇಶದಲ್ಲೂ ಮಾಡ್ತಾರೆ, ಹೈದರಾಬಾದಲ್ಲಿ ತುಂಬಾ ಆಗುತ್ತೆ.

ಎಂಡೋಸ್ಕೋಪಿ ಬಿಡಬಾರ್ದು ಅಂದೆ ಅಲ್ವಾ. ಮೊದಲು ರೊಟ್ಟಿ ಇಳೀತಿರ್ಲಿಲ್ಲ, ಆಮೇಲೆ ಅನ್ನ ಇಳೀಲಿಲ್ಲ, ಈಗ ಗಂಜಿನೂ ಕಷ್ಟ ಅಂತ ದಿನೇ ದಿನೇ ಬಿಗಿ ಆಗ್ತಾ ಹೋದ್ರೆ, ತೂಕ ಇಳಿದ್ರೆ, ವಾಂತೀಲಿ ರಕ್ತ ಬಂದ್ರೆ, ಮಲ ಟಾರಿನ ಥರ ಕಪ್ಪಾದ್ರೆ, ಅದರಲ್ಲೂ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕೋರು, ಬೀಡಿ ಸೇದೋರು, ಕುಡಿಯೋರಾದ್ರೆ ಒಂದು ವಾರನೂ ಕಾಯಬೇಡಿ. ಅನ್ನನಾಳದ ಕ್ಯಾನ್ಸರ್ ಹಿಂಗೇ ಶುರುವಾಗೋದು. ಸ್ಪಾಸಮ್ ಬಂದು ಹೋಗಿ ಮಾಡುತ್ತೆ, ನೀರಿಗೂ ಹಿಡಿಯುತ್ತೆ ಅನ್ನಕ್ಕೂ ಹಿಡಿಯುತ್ತೆ, ಒಂದಿನ ಏನೂ ಇರಲ್ಲ. ಆದ್ರೆ ಈ ವ್ಯತ್ಯಾಸ ನೋಡ್ಕೊಂಡು ನೀವೇ ತೀರ್ಮಾನ ಮಾಡ್ಬೇಡಿ, ಕ್ಯಾಮೆರಾ ಹಾಕಿಸಿ. ನಮ್ಮ ಚಿಕ್ಕಪ್ಪ "ಗಂಟಲು ಒಣಗಿದೆ ಅಷ್ಟೇ" ಅಂತ ಆರು ತಿಂಗಳು ಜೋಳದ ರೊಟ್ಟಿನ ಹಾಲಲ್ಲಿ ನೆನೆಸ್ಕೊಂಡು ತಿಂದ್ರು, ತೋರಿಸೋ ಹೊತ್ತಿಗೆ ತಡ ಆಗಿತ್ತು. ಇದನ್ನ ಹೇಳೋವಾಗ ಈಗ್ಲೂ ನನಗೆ ಸಂಕಟ ಆಗುತ್ತೆ.

ಔಷಧಿ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಡೋಸ್ ಹೇಳಲ್ಲ. ಆಸಿಡ್ ಮೇಲಕ್ಕೆ ಬರ್ತಿದ್ರೆ ಅದೇ ಸ್ಪಾಸಮ್‌ನ ಕೆಣಕುತ್ತೆ, ಹಂಗಾಗಿ ಆಸಿಡ್ ಮಾತ್ರೆ ಕೊಡ್ತಾರೆ. ಡಿಲ್ಟಿಯಾಜೆಮ್ ಥರದ ಬಿಪಿ ಮಾತ್ರೆ ಸ್ನಾಯು ಸಡಿಲ ಮಾಡುತ್ತೆ. ನನಗೆ ಅಮಿಟ್ರಿಪ್ಟಿಲಿನ್ ಕೊಟ್ಟಿದ್ರು ತುಂಬ ಕಮ್ಮಿ ಡೋಸಲ್ಲಿ, ಮೆಡಿಕಲ್ ಸ್ಟೋರಲ್ಲಿ "ಇದು ಡಿಪ್ರೆಶನ್ ಮಾತ್ರೆ" ಅಂದ್ರು, ಓ ಇವ್ರೂ ನನ್ನ ಹುಚ್ಚಿ ಅಂದ್ಕೊಂಡ್ರಾ ಅಂತ ಬೇಜಾರಾಗಿ ಹತ್ತು ದಿನ ಮುಟ್ಟಲೇ ಇಲ್ಲ. ಆಮೇಲೆ ಡಾಕ್ಟ್ರು ಕೂರಿಸಿ ಹೇಳಿದ್ರು, ಕಮ್ಮಿ ಡೋಸಲ್ಲಿ ಅದು ನೋವಿನ ಸುದ್ದಿ ಹೊತ್ತೊಯ್ಯೋ ನರನ ತಣ್ಣಗೆ ಮಾಡುತ್ತೆ ಅಂತ. ಯಾರಿಗಾದ್ರೂ ಇದನ್ನ ಬರ್ಕೊಟ್ರೆ ನನ್ನ ಹಾಗೆ ಹತ್ತು ದಿನ ಕಳ್ಕೋಬೇಡಿ. ಇನ್ನೊಂದು, ಟ್ರಮಡಾಲ್ ಥರದ ನೋವಿನ ಮಾತ್ರೆ ದಿನಾ ತಗೊಳ್ಳೋರಿಗೆ ಆ ಮಾತ್ರೆನೇ ಅನ್ನನಾಳದ ತಾಳ ಕೆಡಿಸಬಹುದು, ಡಾಕ್ಟರ್ ಹತ್ರ ತಪ್ಪದೇ ಹೇಳಿ.

[ಅಡುಗೆಮನೆ. ಒಲೆ ಮೇಲೆ ಅಂಬಲಿ.]

ಈಗ ಊಟ. ನನಗೆ ಆಗದೇ ಇರೋದು ಐಸ್ ನೀರು, ಸೋಡಾ, ಆಗಷ್ಟೇ ಇಳಿಸಿದ ಸುಡು ಸುಡು ಸಾರು, ಒಣ ಚಪಾತಿ, ಒಣ ಅವಲಕ್ಕಿ, ನಾರು ನಾರು ಕೋಳಿ. ನಿಮ್ದು ಬೇರೆ ಇರ್ಬಹುದು, ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋಗಿ, ಒಂದು ತಿಂಗಳಲ್ಲಿ ಗೊತ್ತಾಗುತ್ತೆ. ಊಟಕ್ಕೆ ಮುಂಚೆ ಉಗುರು ಬೆಚ್ಚಗಿನ ನೀರು ಎರಡು ಗುಟುಕು ಕುಡೀತೀನಿ, ಲೋಟ ಪಕ್ಕದಲ್ಲೇ ಇರುತ್ತೆ. ಇಡ್ಲಿನ ಸಾಂಬಾರಲ್ಲಿ ಮುಳುಗಿಸಿ ಐದು ನಿಮಿಷ ಬಿಡ್ತೀನಿ. ಮುದ್ದೆ ಬಿಟ್ಟಿಲ್ಲ, ನೀರು ಜಾಸ್ತಿ ಹಾಕಿ ಮೆತ್ತಗೆ ತೊಳಸ್ತೀನಿ, ಗೋಲಿಗಿಂತ ಚಿಕ್ಕ ತುತ್ತು, ಅಗೀತೀನಿ ಕೂಡ, ಅಜ್ಜಿ ಇದ್ದಿದ್ರೂ ಈಗ ಬೈತಿರ್ಲಿಲ್ಲ. ಹಿಡ್ಕೊಂಡಿರೋ ದಿನ ರಾಗಿ ಅಂಬಲಿಗೆ ಮಜ್ಜಿಗೆ ಹಾಕ್ಕೊಂಡು ಅದ್ರಲ್ಲೇ ದಿನ ಕಳೀತೀನಿ. ಮಾತ್ರೆಗಳನ್ನ ಕೂತ್ಕೊಂಡು ತುಂಬಾ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ, ಕಬ್ಬಿಣದ ಮಾತ್ರೆ, ಡಾಕ್ಸಿಸೈಕ್ಲಿನ್ ಥರದ್ದು ದಾರೀಲಿ ಅಂಟ್ಕೊಂಡ್ರೆ ಅಲ್ಲೇ ಹುಣ್ಣು ಮಾಡುತ್ತೆ.

ಮನೆ ಊಟ ಹಿಂಗೆ ಸಂಭಾಳಿಸಬಹುದು, ಕಷ್ಟ ಮದುವೆ ಊಟ. ಪಂಕ್ತೀಲಿ ಕೂತ್ರೆ ಬೆನ್ನ ಹಿಂದೆ ಮುಂದಿನ ಪಂಕ್ತಿಯೋರು ಕುರ್ಚಿ ಹಿಡ್ಕೊಂಡು ನಿಂತಿರ್ತಾರೆ, ಎಲೆ ಮೇಲೆ ಪಲ್ಯ ಮುಗಿಯೋಕೆ ಮುಂಚೆ ಸಾರು ಬಂತು, ಅದು ಮುಗಿಯೋಕೆ ಮುಂಚೆ ಹೋಳಿಗೆ ಬಂತು, "ಏನ್ರೀ ಏನೂ ತಿಂದೇ ಇಲ್ಲ, ಇನ್ನೊಂದು ಹಾಕ್ಸಿಕೊಳ್ಳಿ" ಅಂತ ಪ್ರೀತಿಯಿಂದಲೇ ಬಲವಂತ. ಆ ಗಡಿಬಿಡೀಲಿ ತುತ್ತು ನಿಂತ್ರೆ ಎದ್ದು ಓಡೋಕೂ ಆಗಲ್ಲ, ಪಂಕ್ತಿ ಮಧ್ಯ ಎದ್ರೆ ಎಲ್ರೂ ನೋಡ್ತಾರೆ. ಎರಡು ವರ್ಷ ನಾನು ಮದುವೆಗಳಿಗೆ ಹೋಗಿ ಊಟಕ್ಕೆ ಮುಂಚೆ ಏನಾದ್ರೂ ನೆಪ ಹೇಳಿ ಬಂದುಬಿಡ್ತಿದ್ದೆ. ಈಗ ಮೊದಲೇ ಹೇಳ್ತೀನಿ, ಕೊನೇ ಪಂಕ್ತೀಲಿ ಮೂಲೇಲಿ ಕೂರ್ತೀನಿ, ಮೊಸರನ್ನ ಮೊದಲೇ ಕೇಳಿ ಹಾಕ್ಸಿಕೊಳ್ತೀನಿ. ನಿಮ್ಮ ಮನೇಲಿ ಇಂಥೋರಿದ್ರೆ ದಯವಿಟ್ಟು "ಬೇಗ ತಿನ್ನು" ಅನ್ನಬೇಡಿ, ತಟ್ಟೆ ನೋಡ್ತಾ ಕೂರಬೇಡಿ.

ವಯಸ್ಸಾದೋರ ಬಗ್ಗೆ ಒಂದು ಮಾತು, ಇದು ಬೇರೆ ತೊಂದರೆ. ನೀರು ಕುಡಿದಾಗ ಪ್ರತಿ ಸಲ ಕೆಮ್ಮು ಬರೋದು, ಮೂಗಲ್ಲಿ ಬರೋದು, ಊಟ ಆದ್ಮೇಲೆ ಧ್ವನಿ ಗೊಳಗೊಳ ಅನ್ನೋದು. ನಾವು ನೆತ್ತಿಗೆ ಹತ್ತಿತು ಅಂತ ತಲೆ ತಟ್ಟಿ, ಯಾರೋ ನೆನೆಸ್ಕೊಂಡ್ರು ಅಂತೀವಿ. ದಿನಾ ಹಂಗೇ ಆಗ್ತಿದ್ರೆ ನೀರು, ಊಟ ಶ್ವಾಸನಾಳಕ್ಕೆ ಹೋಗ್ತಿರಬಹುದು, ಸ್ಟ್ರೋಕ್ ಆದೋರಲ್ಲಿ ಪಾರ್ಕಿನ್ಸನ್ ಇರೋರಲ್ಲಿ ಇದರಿಂದ ನ್ಯುಮೋನಿಯಾ ಬರುತ್ತೆ. ಇದನ್ನ ನೋಡೋದು ಸ್ಪೀಚ್ ಥೆರಪಿಸ್ಟ್, ಮಾತಿಗೆ ಮಾತ್ರ ಅಂತ ತುಂಬ ಜನ ಅಂದ್ಕೊಂಡಿದಾರೆ, ನುಂಗೋದನ್ನೂ ಅವ್ರೇ ಕಲಿಸ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸರ್ಕಾರದ್ದೇ, ಅಲ್ಲಿ ಕೇಳಿ ನೋಡಿ.

ಕೊನೆಗೆ, ಊಟದ ಮಧ್ಯ ಹಿಡ್ಕೊಂಡ್ರೆ ನಾನು ಏನ್ ಮಾಡ್ತೀನಿ ಅಂದ್ರೆ, ಮೇಲೆ ಇನ್ನೊಂದು ತುತ್ತು ತಳ್ಳಲ್ಲ, ಎದ್ದು ನಿಂತ್ಕೊಳ್ತೀನಿ, ಹೊಟ್ಟೆ ಉಬ್ಬೋ ಹಾಗೆ ನಿಧಾನಕ್ಕೆ ಉಸಿರು ತಗೊಂಡು ಬಿಡ್ತೀನಿ, ಸ್ವಲ್ಪ ಇಳೀತು ಅನ್ನಿಸಿದ್ಮೇಲೆ ಬೆಚ್ಚನೆ ನೀರು ಒಂದು ಗುಟುಕು. ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ಬಿಡುತ್ತೆ. ಸ್ವಂತ ಎಂಜಲೂ ನುಂಗೋಕಾಗದೇ ಉಗಿಯೋ ಹಾಗಾದ್ರೆ ಮಾತ್ರ ಸಿಕ್ಕಿರೋದನ್ನ ಎಂಡೋಸ್ಕೋಪಿಯಲ್ಲೇ ತೆಗೀಬೇಕಾಗಬಹುದು, ಬಾಳೆಹಣ್ಣು ಅನ್ನದುಂಡೆ ಅಂತ ಮೇಲಿಂದ ತುರುಕಬೇಡಿ, ರಾತ್ರಿ ಎಷ್ಟೇ ಹೊತ್ತಾಗಿದ್ರೂ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.