ಬಚ್ಚಲ ಒಲೆಯೂ ಹೀಟ್ ಪಂಪೂ: ಸರಕಾರದ ದುಡ್ಡು ಎಲ್ಲಿಗೆ ಹೋಗಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳ್ಳಿಮನೆಗಳಲ್ಲಿ ಅಡಿಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಬಚ್ಚಲಮನೆಗೆ ಮಾತ್ರ ಅದು ಇನ್ನೂ ಹೋಗಿಲ್ಲ. ಘಟ್ಟದ ಮೇಲೆ ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಟ್ಟದ ಒಣ ಕಟ್ಟಿಗೆ, ತೋಟದ ಸೋಗೆ, ಅಡಿಕೆ ಸಿಪ್ಪೆ. ಘಟ್ಟದ ಕೆಳಗೆ ತೆಂಗಿನ ಮಡಲು, ಸಿಪ್ಪೆ, ಕರಟ. ಬೆಳಗಾಗುವ ಮೊದಲೇ ಬಚ್ಚಲ ಒಲೆಗೆ ಬೆಂಕಿ ಬೀಳುತ್ತದೆ. ಚಳಿಗಾಲದಲ್ಲಿ ಅದೊಂದು ಸುಖವೇ, ಬೆಂಕಿ ಕಾಯಿಸುತ್ತ ಕೂರುವವರನ್ನು ಎಬ್ಬಿಸುವುದೇ ಕಷ್ಟ. ಆದರೆ ಆಷಾಢದಲ್ಲಿ ಕಟ್ಟಿಗೆ ಕೊಟ್ಟಿಗೆಯೊಳಗಿದ್ದರೂ ತೇವ ಹೀರಿಕೊಂಡಿರುತ್ತದೆ. ಊದುಕೊಳವೆ ಹಿಡಿದು ಊದಿ ಊದಿ, ಕಣ್ಣು ಕೆಂಪು ಮಾಡಿಕೊಂಡು, ಕೊನೆಗೆ ಒಂದು ತುಂಡು ಸೈಕಲ್ ಟಯರು ಹಾಕಿ ಹೊತ್ತಿಸಿದ ಮೇಲೆ ಹಂಡೆಯ ನೀರು ಬಿಸಿಯಾಗುವುದು. ಆ ಟಯರಿನ ಹೊಗೆ ಯಾರ ಎದೆಯೊಳಗೆ ಹೋಗುತ್ತದೆ ಎಂಬುದು ಮನೆಯ ಹೆಂಗಸರಿಗೆ ಗೊತ್ತು.

ಈ ಒಲೆಯ ಜಾಗದಲ್ಲಿ ಕೂರಬಲ್ಲ ಒಂದು ಯಂತ್ರದ ಬಗ್ಗೆ ಇವತ್ತು ಮಾತಾಡುತ್ತೇನೆ. ಹೀಟ್ ಪಂಪ್. ಅದಕ್ಕಿಂತ ಹೆಚ್ಚಾಗಿ, ಅದನ್ನು ಮನೆಮನೆಗೆ ಮುಟ್ಟಿಸಲು ಸರಕಾರಗಳು ದುಡ್ಡು ಹೇಗೆ ಖರ್ಚು ಮಾಡಿವೆ, ಹೇಗೆ ಮಾಡಬೇಕು ಎಂಬುದರ ಬಗ್ಗೆ.

ಮೊದಲು ಯಂತ್ರ. ನಿಮ್ಮ ಮನೆಯ ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡಿ, ಬಿಸಿ ಇರುತ್ತದೆ. ಒಳಗಿನ ಹಾಲು ಮೊಸರಿನ ಶಾಖವನ್ನು ಎಳೆದು ಹಿಂದೆ ಬಿಡುತ್ತಿರುತ್ತದೆ ಅದು. ಹೀಟ್ ಪಂಪ್ ಇದೇ ಕೆಲಸವನ್ನು ಹೊರಗಿನ ಗಾಳಿಯ ಮೇಲೆ ಮಾಡುತ್ತದೆ. ಗಾಳಿಯಲ್ಲಿರುವ ಶಾಖವನ್ನು ಹೀರಿ, ಕಂಪ್ರೆಸರಿನಲ್ಲಿ ಒತ್ತಿ, ನೀರಿನ ತೊಟ್ಟಿಗೆ ದಾಟಿಸುತ್ತದೆ. ಗೀಸರ್ ಕರೆಂಟನ್ನೇ ಶಾಖ ಮಾಡುತ್ತದೆ, ಒಂದು ಯೂನಿಟ್ ಉರಿಸಿದರೆ ಒಂದೇ ಯೂನಿಟ್ ಶಾಖ. ಹೀಟ್ ಪಂಪಿಗೆ ಕರೆಂಟು ಬೇಕಾದದ್ದು ಶಾಖವನ್ನು ಸಾಗಿಸುವುದಕ್ಕೆ ಮಾತ್ರ. ಹಾಗಾಗಿ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಶಾಖ ಸಿಗುತ್ತದೆ.

ಲೆಕ್ಕ ಹಾಕೋಣ. ನಾಲ್ಕು ಜನರ ಸ್ನಾನಕ್ಕೆ ನೂರು ಲೀಟರ್ ನೀರು ಎಂದಿಟ್ಟುಕೊಳ್ಳಿ. 25 ಡಿಗ್ರಿಯ ಬಾವಿ ನೀರನ್ನು 45 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ ಸುಮಾರು 2.3 ಯೂನಿಟ್. ಗೀಸರಾದರೆ ಅಷ್ಟೂ ಮೀಟರಿನಲ್ಲಿ ಓಡುತ್ತದೆ, ತಿಂಗಳಿಗೆ 70 ಯೂನಿಟ್. ಹೀಟ್ ಪಂಪಾದರೆ ದಿನಕ್ಕೆ ಮುಕ್ಕಾಲು ಯೂನಿಟ್ಟು, ತಿಂಗಳಿಗೆ 23, 24.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1850ರ ದಶಕದಲ್ಲೇ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಎಂಬ ಎಂಜಿನಿಯರು ಇಂಥದೊಂದನ್ನು ಕಟ್ಟಿದ್ದ, ಉಪ್ಪುನೀರನ್ನು ಆವಿ ಮಾಡಿ ಉಪ್ಪು ತೆಗೆಯಲಿಕ್ಕೆ. ನಮ್ಮ ಸಾಣಿಕಟ್ಟಾದ ಉಪ್ಪಿನ ಆಗರದವರಿಗೆ ಆ ಕೆಲಸವನ್ನು ಬಿಸಿಲು ಪುಕ್ಕಟೆ ಮಾಡಿಕೊಡುತ್ತದೆ, ಅದು ಬೇರೆ ಮಾತು.

ಇನ್ನೊಂದು ವಿಷಯ, ಕರಾವಳಿಯವರು ಗಮನಿಸಬೇಕಾದದ್ದು. ಈ ಯಂತ್ರ ಗಾಳಿಯಿಂದ ಶಾಖ ತೆಗೆಯುವುದರಿಂದ ಗಾಳಿ ಬೆಚ್ಚಗಿದ್ದಷ್ಟೂ ಅದಕ್ಕೆ ಕೆಲಸ ಹಗುರ. ಲಂಡನ್ನಿನ ಜನವರಿಯಲ್ಲಿ ಹೊರಗೆ ಸೊನ್ನೆಯ ಹತ್ತಿರ ಇರುವಾಗಲೂ ಅದು ದುಡಿಯಬೇಕು. ಕಾರವಾರದಲ್ಲಿ ಜನವರಿಯ ರಾತ್ರಿಯೂ ಸೆಕೆ ಪೂರ್ತಿ ಬಿಡುವುದಿಲ್ಲ. ಮೇಲಾಗಿ ನಮ್ಮ ಗಾಳಿಯಲ್ಲಿ ನೀರಿನ ಪಸೆ ಹೆಚ್ಚು. ಆ ಆವಿ ಯಂತ್ರದ ತಣ್ಣನೆಯ ರೆಕ್ಕೆಗಳ ಮೇಲೆ ಹನಿಗಟ್ಟುವಾಗ ತನ್ನ ಶಾಖವನ್ನೂ ಬಿಟ್ಟುಕೊಡುತ್ತದೆ. ಸೋಲಾರ್ ವಾಟರ್ ಹೀಟರು ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಡಿನ ಮೇಲೆ ಮಳೆ ನೆನೆಯುತ್ತ ಸುಮ್ಮನೆ ಕೂತಿರುವಾಗ, ಹೀಟ್ ಪಂಪು ನಡೆಯುತ್ತಲೇ ಇರುತ್ತದೆ. ಹೊರಗೆ ಬಿಡುವ ಗಾಳಿಯೂ ತಂಪು, ಒಣ. ಗೋಕರ್ಣದ ಕಡೆಯ ಒಂದು ವಸತಿಗೃಹದ ಹಿತ್ತಲಲ್ಲಿ ನೋಡಿದ್ದೇನೆ: ಯಂತ್ರದ ಬಾಯಿಗೆ ಎದುರಾಗಿ ಹಗ್ಗ ಕಟ್ಟಿ ಟವೆಲುಗಳನ್ನು ಹರವಿದ್ದರು. ಮಳೆಗಾಲದಲ್ಲಿ ಮುಗ್ಗಲು ವಾಸನೆಯ ಬಟ್ಟೆಯೊಡನೆ ಬಾಳುವೆ ಮಾಡುವ ನಮಗೆ ಇದು ಸಣ್ಣ ಲಾಭವಲ್ಲ. ಯಂತ್ರ ಮಾರುವವರು ಇದನ್ನೊಂದು ಬಿಟ್ಟು ಬೇರೆಲ್ಲ ಹೇಳುತ್ತಾರೆ.

ಯಂತ್ರ ಇಷ್ಟು ಒಳ್ಳೆಯದಾದರೆ ಮನೆಗಳಿಗೆ ಯಾಕೆ ಬಂದಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಳ ದುಡ್ಡು ಸುರಿದದ್ದು ಬ್ರಿಟನ್.

ಅಲ್ಲಿ ಮನೆ ಬೆಚ್ಚಗಿಡುವುದೇ ದೊಡ್ಡ ಖರ್ಚು, ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರು. 2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಹೀಟ್ ಪಂಪ್ ಕೂರಿಸುವ ಗುರಿ ಇಟ್ಟುಕೊಂಡರು. ಕೊಳ್ಳುವವರಿಗೆ 2022ರಿಂದ ಸಹಾಯಧನ ಕೊಟ್ಟರು, 2023ರ ಅಕ್ಟೋಬರಿನಲ್ಲಿ ಅದನ್ನು 7,500 ಪೌಂಡಿಗೆ ಏರಿಸಿದರು. ಆದರೂ 2024ರಲ್ಲಿ ಮಾರಾಟ ಲಕ್ಷದ ಆಸುಪಾಸಿನಲ್ಲೇ ಇತ್ತು. ಅಲ್ಲಿ ಒಂದು ಯೂನಿಟ್ ಕರೆಂಟಿನ ಬೆಲೆ ಗ್ಯಾಸಿನ ನಾಲ್ಕು ಪಟ್ಟಿನ ಹತ್ತಿರ. ಯಂತ್ರ ಮೂರು ಪಟ್ಟು ಶಾಖ ಕೊಟ್ಟರೂ ತಿಂಗಳ ಬಿಲ್ಲಿನಲ್ಲಿ ಉಳಿತಾಯ ಕಾಣುವುದಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ಹೆಚ್ಚು ಹಿಡಿಸಿತು. ನೂರು ಕೋಟಿ ಪೌಂಡಿನ ನಾವೀನ್ಯ ನಿಧಿಯೊಳಗಿಂದ 6 ಕೋಟಿ ಪೌಂಡ್ ತೆಗೆದು ‘ಹೀಟ್ ಪಂಪ್ ರೆಡಿ’ ಎಂಬ ಕಾರ್ಯಕ್ರಮ ನಡೆಸಿದರು. ಆ ದುಡ್ಡಿನ ದೊಡ್ಡ ಪಾಲು ಹೋದದ್ದು ಯಂತ್ರದ ಸುತ್ತಲಿನ ತೊಡಕುಗಳಿಗೆ. ಮನೆಗೆ ಬಂದು ಅಳತೆ ಮಾಡುವ ಕೆಲಸ ಬೇಗ ಮುಗಿಯುವುದು ಹೇಗೆ, ಕೂರಿಸುವ ಖರ್ಚು ಇಳಿಸುವುದು ಹೇಗೆ, ಕೂರಿಸಿದ ಮೇಲೆ ಅದು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ಪತ್ತೆ ಹಚ್ಚುವುದು ಹೇಗೆ, ಇಂಥವು. ಜೊತೆಗೆ ಒಂದು ಕರಾರು ಹಾಕಿದರು: ಊರು ತುಂಬ ಅಲ್ಲೊಂದು ಇಲ್ಲೊಂದು ಬೇಡ, ಒಂದೇ ಟೀಸಿಯ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿನ, ಕೆಳಗಿನ ಮನೆಗಳಲ್ಲಿ ಕಾಲುಭಾಗಕ್ಕಾದರೂ ಕೂರಿಸಲು ಆಗುತ್ತದೋ ನೋಡಿ. ಆಕ್ಸ್‌ಫರ್ಡಿನ ರೋಸ್ ಹಿಲ್ ಎಂಬ ಬಡಾವಣೆಯಲ್ಲಿ ಹೀಗೆ ಬೀದಿಬೀದಿಯನ್ನೇ ಹಿಡಿದು ಹೊರಟರು. ಒಂದೇ ಕಡೆ ಹತ್ತಾರು ಮನೆಯಾದರೆ ಕೆಲಸಗಾರನ ಓಡಾಟ ಉಳಿಯುತ್ತದೆ, ಪಕ್ಕದ ಮನೆಯವರು ಕಣ್ಣಾರೆ ನೋಡುತ್ತಾರೆ, ಟೀಸಿ ತಾಳುತ್ತದೋ ಸುಡುತ್ತದೋ ಎಂಬುದೂ ಗೊತ್ತಾಗುತ್ತದೆ. ಇದಕ್ಕೂ ಮೊದಲು 742 ಮನೆಗಳಲ್ಲಿ, ಹಳೆಯದು ಹೊಸದು ಎನ್ನದೆ, ಯಂತ್ರ ಕೂರಿಸಿ ಅಳೆದಿದ್ದರು. ಈ ನಮೂನೆಯ ಮನೆಗೆ ಆಗುವುದೇ ಇಲ್ಲ ಎಂದು ಯಾವ ನಮೂನೆಯನ್ನೂ ತಳ್ಳಿಹಾಕುವಂತಿರಲಿಲ್ಲ.

ಸ್ವೀಡನ್ನಿನದು ಇನ್ನೂ ಹಳೆಯ ಕತೆ. 1980ರ ದಶಕದಲ್ಲಿ ಸಹಾಯಧನ ಹರಿಯಿತು, ಹೀಟ್ ಪಂಪುಗಳು ಎಲ್ಲೆಡೆ ಬಂದವು, ಕಳಪೆ ಕೆಲಸವೂ ಬಂತು. ಎಣ್ಣೆ ಬೆಲೆ ಇಳಿದು ಸಹಾಯಧನ ನಿಂತದ್ದೇ ತಡ, ಪೇಟೆ ನೆಲ ಕಚ್ಚಿತು. 1990ರ ದಶಕದ ಮೊದಲರ್ಧದಲ್ಲಿ ಅಲ್ಲಿನ ಸರಕಾರಿ ಸಂಸ್ಥೆ ಬೇರೆ ದಾರಿ ಹಿಡಿಯಿತು. ಕೊಳ್ಳುವವರ ಗುಂಪು ಕಟ್ಟಿ, ಈಗಿರುವುದಕ್ಕಿಂತ ನೂರಕ್ಕೆ ಮೂವತ್ತು ಪಾಲು ಹೆಚ್ಚು ಕೆಲಸ ಮಾಡುವ, ನೂರಕ್ಕೆ ಮೂವತ್ತು ಪಾಲು ಅಗ್ಗವಾದ ಯಂತ್ರ ತನ್ನಿ, ಇಷ್ಟನ್ನು ಕೊಂಡೇ ಕೊಳ್ಳುತ್ತೇವೆ ಎಂದು ಕಂಪನಿಗಳಿಗೆ ಸವಾಲು ಹಾಕಿತು. ಜೊತೆಗೇ ಪರೀಕ್ಷೆ, ತರಬೇತಿ, ಗುಣಮಟ್ಟದ ಗುರುತು. ಇವತ್ತು ತಲೆಗಿಷ್ಟು ಎಂದು ಲೆಕ್ಕ ಹಾಕಿದರೆ ಯುರೋಪಿನಲ್ಲಿ ಹೀಟ್ ಪಂಪ್ ಹೆಚ್ಚಿರುವ ದೇಶಗಳ ಸಾಲಿನಲ್ಲಿ ಸ್ವೀಡನ್ ಮುಂದಿದೆ.

ಇದನ್ನೆಲ್ಲ ಕೇಳಿ ಪರದೇಶದ ಮಾತು ಎಂದು ರೇಡಿಯೋ ತಿರುಗಿಸಬೇಡಿ. ಈ ಪಾಠ ಸಿರಸಿಯವರಿಗೆ ಮೊದಲೇ ಗೊತ್ತು.

ಗೋಬರ್ ಗ್ಯಾಸ್ ನೆನಪಿದೆಯಲ್ಲ. 1981ರ ಹೊತ್ತಿಗೆ ಕೇಂದ್ರ ಸರಕಾರ ದೇಶಕ್ಕೆಲ್ಲ ಒಂದೇ ಯೋಜನೆ ತಂದಿತು, ಎಲ್ಲರಿಗೂ ಸಬ್ಸಿಡಿ. ಎಷ್ಟೋ ಕಡೆ ಆ ಗುಂಡಿಗಳು ಎರಡು ವರ್ಷಕ್ಕೆ ಒಡೆದು, ಸೆಗಣಿ ಒಣಗಿ, ಕಸ ಹಾಕುವ ಹೊಂಡಗಳಾದವು. ಸಿರಸಿ ಸೀಮೆಯಲ್ಲಿ ಹಾಗಾಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಇಲ್ಲಿ ಬಂದು ಅಧ್ಯಯನ ಮಾಡಿ, 2001ರಲ್ಲಿ ಪ್ರಕಟಿಸಿದ ಲೇಖನದ ತಲೆಬರಹದಲ್ಲೇ ಇದನ್ನು ಸಿರಸಿಯ ಯಶಸ್ಸಿನ ಕತೆ ಎಂದು ಕರೆದರು. ಸಬ್ಸಿಡಿ ಇಲ್ಲೂ ಅಷ್ಟೇ ಇತ್ತು. ಇಲ್ಲಿ ಕಟ್ಟಿಕೊಟ್ಟವನು ಊರಿನವನೇ. ಗ್ಯಾಸ್ ಬರದಿದ್ದರೆ ನನ್ನ ಜವಾಬ್ದಾರಿ ಎಂದು ಗ್ಯಾರಂಟಿ ಕೊಟ್ಟ. ಕರೆದರೆ ಪುಕ್ಕಟೆ ಬಂದು ರಿಪೇರಿ ಮಾಡಿದ. ಬ್ಯಾಂಕಿನ ಕಾಗದ, ಸಬ್ಸಿಡಿಯ ಅರ್ಜಿ ಅವನೇ ಓಡಾಡಿ ಮಾಡಿಸಿದ. ಒಬ್ಬನೇ ಅಲ್ಲ, ಇಬ್ಬರು ಮೂವರು ಪೈಪೋಟಿಗೆ ಬಿದ್ದರು. ಒಬ್ಬನ ಕೆಲಸ ಕೆಟ್ಟರೆ ಮುಂದಿನ ಕೇರಿಯಲ್ಲಿ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಮದುವೆ ಮನೆಯಲ್ಲಿ, ಸೊಸೈಟಿಯ ಕಟ್ಟೆಯಲ್ಲಿ ಸುದ್ದಿ ಅಷ್ಟು ಬೇಗ ಹೋಗುತ್ತದೆ. ಬ್ರಿಟನ್ ಕೋಟಿಗಟ್ಟಲೆ ಸುರಿದು ಹುಡುಕುತ್ತಿರುವುದೂ ಇಂಥ ಏರ್ಪಾಡನ್ನೇ.

ಈಗ ನಮ್ಮ ತೊಡಕುಗಳಿಗೆ ಬರೋಣ. ಸಿರಸಿ ಕಡೆಯ ಒಬ್ಬ ಅಮ್ಮನ ಹತ್ತಿರ ಈ ಯಂತ್ರದ ಗುಣಗಾನವನ್ನೆಲ್ಲ ಮಾಡಿದೆ. ಪೂರ್ತಿ ಕೇಳಿದರು. ಕೊನೆಗೆ ಒಂದೇ ಮಾತು: “ತಮಾ, ಕಟ್ಗೆಗೆ ಬಿಲ್ಲು ಬತ್ತಿಲ್ಲೆ ಅಲ್ದ?” ಬರುವುದಿಲ್ಲ, ನಿಜ. ಬ್ರಿಟನ್ನಿನಲ್ಲಿ ಗ್ಯಾಸ್ ಅಗ್ಗವಾದರೆ ಇಲ್ಲಿ ಕಟ್ಟಿಗೆ ಪುಕ್ಕಟೆ. ಕಡಿಯುವ, ಹೊರುವ, ಒಟ್ಟುವ, ಊದುವ ಕೂಲಿಯನ್ನು ಯಾರೂ ಬರೆದಿಡುವುದಿಲ್ಲ, ಅಷ್ಟೇ.

ಗೀಸರ್ ಇರುವ ಮನೆಗಳ ಲೆಕ್ಕ ಬೇರೆ. 2023ರಿಂದ ಗೃಹಜ್ಯೋತಿ ಬಂದಿದೆ, 200 ಯೂನಿಟ್ಟಿನೊಳಗೆ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ ಅಷ್ಟಕ್ಕೆ ಬಿಲ್ಲಿಲ್ಲ. ಬಡವರ ಮನೆಗೆ ಅದರಿಂದ ಆದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೊನ್ನೆ ಬಿಲ್ಲಿನ ಮನೆ 45 ಯೂನಿಟ್ ಉಳಿಸಿದರೂ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಉಳಿತಾಯವೆಲ್ಲ ಸರಕಾರಕ್ಕೆ. ಒಲೆ ಬಿಟ್ಟು ಹೀಟ್ ಪಂಪಿಗೆ ಬಂದ ಮನೆಗೋ, ತಿಂಗಳಿಗೆ ಇಪ್ಪತ್ತು ಚಿಲ್ಲರೆ ಯೂನಿಟ್ ಏರಿ, ಸರಾಸರಿ ದಾಟಿ, ಇಲ್ಲದ ಬಿಲ್ಲು ಶುರುವಾಗುತ್ತದೆ. ಉಳಿತಾಯ ಯಾರ ಪಾಲಿಗೆ ಹೋಗುತ್ತದೋ ಅವರು ಯಂತ್ರದ ಖರ್ಚಿಗೂ ಕೈಹಾಕಬೇಕು. ನನ್ನ ಮಟ್ಟಿಗೆ ನಮ್ಮ ರಾಜ್ಯದಲ್ಲಿ ಇದರ ಬೀಗ ಇರುವುದು ಇಲ್ಲೇ.

ವೋಲ್ಟೇಜಿನ ವಿಷಯ ಹೇಳದಿದ್ದರೆ ನೀವೇ ಬೈಯುತ್ತೀರಿ. ಕೈಗಾದಲ್ಲಿ 880 ಮೆಗಾವ್ಯಾಟಿನ ಅಣು ವಿದ್ಯುತ್ ಸ್ಥಾವರವಿದೆ, ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳ ಸಾಲೇ ಇದೆ. ಹತ್ತು ಮೈಲಿ ಆಚೆಯ ಮಜರೆಯಲ್ಲಿ ಸಂಜೆ ಏಳಕ್ಕೆ ಮಿಕ್ಸಿ ಮುಲುಗುತ್ತದೆ. ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ಇಲ್ಲಿ ಹೀಟ್ ಪಂಪಿಗೆ ಒಂದು ಅನುಕೂಲವಿದೆ: ಗೀಸರಿನಂತೆ ಎರಡು ಸಾವಿರ ವ್ಯಾಟ್ ಒಮ್ಮೆಲೇ ಎಳೆಯುವುದಿಲ್ಲ, ಮನೆಯ ಯಂತ್ರಕ್ಕೆ ಅದರ ಅರ್ಧವೂ ಬೇಡ. ನಿಧಾನ ಕಾಯಿಸುತ್ತದೆ, ಮಧ್ಯಾಹ್ನ ಕರೆಂಟಿದ್ದಾಗ ಕಾಯಿಸಿಟ್ಟರೆ ಮರುದಿನ ಬೆಳಿಗ್ಗೆಗೂ ಬಿಸಿ ಉಳಿಯುತ್ತದೆ.

ಮತ್ತೆ ಉಪ್ಪುಗಾಳಿ. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳ, ಎಲ್ಲಿಯೇ ಆಗಲಿ ಕಡಲದಂಡೆಯ ಮನೆಯ ಎಸಿಯ ಹೊರಗಿನ ಪೆಟ್ಟಿಗೆ ನೋಡಿ. ಅಲ್ಯೂಮಿನಿಯಂ ರೆಕ್ಕೆಗಳು ಬೂದಿಯಂತೆ ಉದುರುತ್ತಿರುತ್ತವೆ. ಹೀಟ್ ಪಂಪಿನ ರೆಕ್ಕೆಯೂ ಅದೇ ಲೋಹ. ತುಕ್ಕು ತಡೆಯುವ ಲೇಪ ಇಲ್ಲದ ಯಂತ್ರ ಇಲ್ಲಿ ಬಾಳುವುದಿಲ್ಲ. ನಾವೀನ್ಯ ನಿಧಿಗೆ ಇದಕ್ಕಿಂತ ಹೊಂದುವ ಕೆಲಸ ಬೇರೆ ಬೇಕೆ? 2025ರ ಜುಲೈಯಲ್ಲಿ ಕೇಂದ್ರ ಸಂಪುಟ ಸಂಶೋಧನೆ ಮತ್ತು ನಾವೀನ್ಯಕ್ಕೆಂದು ಒಂದು ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿದೆ. ಅದರ ಒಂದು ಹನಿ ಈ ಕರಾವಳಿಯ ಉಪ್ಪಿನ ಮೇಲೆ ಬಿದ್ದರೆ, ಕೊಂಕಣದಿಂದ ಕೇರಳದ ತನಕ ಎಲ್ಲರಿಗೂ ಉಪಯೋಗ.

ಬೆಲೆ ಇಳಿಸುವ ದಾರಿಯೂ ನಮಗೆ ಹೊಸತಲ್ಲ. 2015ರಲ್ಲಿ ಉಜಾಲಾ ಯೋಜನೆ ಶುರುವಾಯಿತು. ಸರಕಾರದ ಕಂಪನಿಯೇ ಎಲ್ಲರ ಪರವಾಗಿ ಎಲ್‌ಇಡಿ ಬಲ್ಬುಗಳನ್ನು ಸಗಟಾಗಿ ಕೊಂಡಾಗ, 310 ರೂಪಾಯಿಯ ಖರೀದಿ ಬೆಲೆ ಕೆಲವೇ ವರ್ಷಗಳಲ್ಲಿ 38ಕ್ಕೆ ಇಳಿಯಿತು. ಹೀಟ್ ಪಂಪ್ ಬಲ್ಬಿನಷ್ಟು ಇಳಿಯುವುದಿಲ್ಲ, ತಾಮ್ರ, ಕಂಪ್ರೆಸರು, ತೊಟ್ಟಿ ಎಲ್ಲ ಬೇಕು. ಆದರೂ ಹಾಸ್ಟೆಲು, ಆಸ್ಪತ್ರೆ, ಯಾತ್ರಿನಿವಾಸಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಟೆಂಡರು ಕರೆದರೆ ಕಂಪನಿಗಳು ಈ ಜಿಲ್ಲೆಯ ಕಡೆ ತಿರುಗಿ ನೋಡಿಯಾವು.

ನಾನು ಕೇಳುವುದು ಇಷ್ಟು. ಘಟ್ಟದ ಮೇಲೆ ಒಂದು ಟೀಸಿ, ಕಡಲದಂಡೆಯಲ್ಲಿ ಒಂದು ಟೀಸಿ ಆರಿಸಲಿ. ಅದರ ಕೆಳಗಿನ ಮನೆಗಳ ಕಾಲುಭಾಗಕ್ಕೆ ಯಂತ್ರ ಕೂರಿಸಲಿ. ಆ ಮನೆಗಳ ಗೃಹಜ್ಯೋತಿ ಮಿತಿಯನ್ನು ಎರಡು ಮಳೆಗಾಲದ ಮಟ್ಟಿಗೆ ಸಡಿಲಿಸಲಿ. ಐಟಿಐ ಕಲಿತ ಊರಿನ ಹುಡುಗರಿಗೇ ಕೂರಿಸುವ, ರಿಪೇರಿಯ ತರಬೇತಿ ಕೊಡಲಿ. ಸಹಾಯಧನವನ್ನು ಕೂರಿಸಿದ ದಿನವೇ ಪೂರ್ತಿ ಕೊಟ್ಟು ಕೈತೊಳೆದುಕೊಳ್ಳದೆ, ಒಂದು ಪಾಲನ್ನು ಎರಡನೆಯ ಮಳೆಗಾಲ ಕಳೆದ ಮೇಲೆ, ಯಂತ್ರ ಓಡುತ್ತಿದ್ದರೆ ಮಾತ್ರ, ಕೂರಿಸಿದವನಿಗೆ ಕೊಡಲಿ. ಮೀಟರಿನ ಲೆಕ್ಕ ಪಂಚಾಯತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣಲಿ.

ಅಷ್ಟರೊಳಗೆ ಯಾರಾದರೂ ಸ್ವಂತ ದುಡ್ಡಿನಲ್ಲಿ ಕೊಳ್ಳುವುದಾದರೆ, ಅಂಗಡಿಯಲ್ಲಿ ಮೂರು ಮಾತು ಕೇಳಿ. ರೆಕ್ಕೆಗೆ ಉಪ್ಪುಗಾಳಿ ತಡೆಯುವ ಲೇಪ ಇದೆಯೋ? ಎಷ್ಟು ವೋಲ್ಟೇಜಿನವರೆಗೆ ಕೆಲಸ ಮಾಡುತ್ತದೆ? ಕೆಟ್ಟರೆ ಬರುವವನು ಯಾವ ಊರಿನಿಂದ ಬರಬೇಕು? ಮೂರನೆಯದಕ್ಕೆ ಹುಬ್ಬಳ್ಳಿ ಎಂದೋ ಬೆಂಗಳೂರು ಎಂದೋ ಉತ್ತರ ಬಂದರೆ, ಹಂಡೆಯನ್ನು ಸದ್ಯಕ್ಕೆ ಗುಜರಿಗೆ ಹಾಕಬೇಡಿ.

ನಮಸ್ಕಾರ.