ಮೊದಲ ತಪ್ಪು ಮರಕ್ಕೆ, ಎರಡನೆಯದು ಬೆರಳಿಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಕಸುಬಿನ ಬಡಗಿಗಳು ಕಡಿಮೆ. ವಾರವಿಡೀ ಬೇರೆ ಕೆಲಸ, ರಜೆ ಸಿಕ್ಕಾಗ ಬಾಲ್ಕನಿಯಲ್ಲೋ, ಟೆರೇಸಿನಲ್ಲೋ, ಕಾರನ್ನು ರಸ್ತೆಗೆ ತಳ್ಳಿ ಪಾರ್ಕಿಂಗ್ ಜಾಗದಲ್ಲೋ ಮರಗೆಲಸ. ಯಾವ ಡ್ರಿಲ್ ತಗೋಬೇಕು, ಯಾವ ಬ್ಲೇಡ್ ಒಳ್ಳೆಯದು ಅನ್ನುವ ಮಾತು ಇವತ್ತು ಬೇಡ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡುವುದು ಸಣ್ಣಪುಟ್ಟ ಎಡವಟ್ಟುಗಳ ಬಗ್ಗೆ.

ಇವುಗಳಿಗೆ ಒಂದು ಸರಣಿ ಇರುತ್ತದೆ. ಮೊದಲ ತಪ್ಪಿನಲ್ಲಿ ಮರ ಹಾಳಾಗುತ್ತದೆ, ಅಷ್ಟೇ. ಅದನ್ನು ಯಾರೂ ನೋಡುವ ಮೊದಲೇ ಸರಿಮಾಡಿಬಿಡೋಣ ಅಂತ ಅವಸರ ಮಾಡುತ್ತೇವಲ್ಲ, ಆಗ ಆಗುವ ಎರಡನೇ ತಪ್ಪಿನಲ್ಲಿ ಬೆರಳು ಹೋಗುತ್ತದೆ.

ಮೊದಲ ತಪ್ಪಿನಿಂದಲೇ ಶುರು ಮಾಡೋಣ. ಟೇಪು ತಗೊಳ್ಳಿ. ಅದರ ತುದಿಯ ಕೊಕ್ಕೆ ಸ್ವಲ್ಪ ಆಡುತ್ತದೆ. ಹೊಸ ಟೇಪು ತಂದವರು ಇದೇನಪ್ಪಾ ಸಡಿಲ ಅಂತ ಸುತ್ತಿಗೆಯಿಂದ ಒಂದು ಏಟು ಕೊಟ್ಟು ಬಿಗಿ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಕೊಕ್ಕೆ ಎಷ್ಟು ದಪ್ಪ ಇದೆಯೋ ಅಷ್ಟೇ ಅದು ಆಡಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಬರುತ್ತದೆ, ಪೆಟ್ಟಿಗೆಯ ಒಳಗೆ ಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತದೆ. ಹಾಗಾಗಿಯೇ ಎರಡೂ ಅಳತೆ ಸರಿ ಬರುವುದು. ಬಿಗಿ ಮಾಡಿದರೆ ಒಂದು ಅಳತೆ ಯಾವಾಗಲೂ ಸುಮಾರು ಒಂದು ಮಿಲಿಮೀಟರ್ ತಪ್ಪು. ಇನ್ನು ಕೆಲವರು ಕೊಕ್ಕೆಯನ್ನೇ ನಂಬದೆ 10 ಸೆಂಟಿಮೀಟರ್ ಗುರುತಿನಿಂದ ಅಳೆಯುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಗುರುತು ಹಾಕುವಾಗ ಆ 10 ಸೇರಿಸುವುದನ್ನು ಮರೆತರೆ ಇಡೀ ಬಾಗಿಲೇ 10 ಸೆಂಟಿಮೀಟರ್ ಗಿಡ್ಡ.

ಆಮೇಲೆ ಬ್ಲೇಡ್ ತಿನ್ನುವ ಮರ. ಪ್ಲೈವುಡ್ ಶೀಟು 8 ಅಡಿಗೆ 4 ಅಡಿ. 4 ಅಡಿ ಅಗಲದಲ್ಲಿ ಒಂದೊಂದು ಅಡಿಯ ನಾಲ್ಕು ಪಟ್ಟಿ ಬರುತ್ತವೆ ಅಂತ ಕಾಗದದ ಮೇಲೆ ಲೆಕ್ಕ ಹಾಕುತ್ತೇವೆ. ಬರುವುದಿಲ್ಲ. ಬ್ಲೇಡ್ ಒಂದು ಸಲಕ್ಕೆ 3 ಮಿ.ಮೀ. ತಿಂದರೆ ಮೂರು ಸಲಕ್ಕೆ 9 ಮಿ.ಮೀ. ಹೊಟ್ಟಾಗಿ ನೆಲದ ಮೇಲೆ ಬಿದ್ದಿರುತ್ತದೆ. ಆ ಸಾಲ ಪೂರ್ತಿ ಕೊನೆಯ ಪಟ್ಟಿಯ ತಲೆಗೆ.

ಡ್ರಾಯರ್ ವಿಷಯದಲ್ಲಿ ಇನ್ನೂ ಮಜಾ. 600 ಮಿ.ಮೀ. ಅಗಲದ ಪೆಟ್ಟಿಗೆ, 18 ಮಿ.ಮೀ. ಪ್ಲೈ. ಎರಡು ಬದಿ ಸೇರಿ 36 ಹೋಯಿತು, ಒಳಗೆ ಉಳಿದದ್ದು 564. ಎರಡೂ ಒಳಗೋಡೆಗೆ 1 ಮಿ.ಮೀ. ಸನ್‌ಮೈಕಾ ಅಂಟಿಸಿದರೆ 562. ಡ್ರಾಯರ್ ಜಾರುವ ಲೋಹದ ಹಳಿ, ಅಂದರೆ ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಬದಿಗೆ ಸುಮಾರು 13 ಬೇಕು, ಅಂದರೆ ಡ್ರಾಯರಿನ ಹೊರ ಅಗಲ 536. ಇಷ್ಟನ್ನೂ ಬರೆದುಕೊಂಡವರೇ ಡ್ರಾಯರಿನ ಹೊರಬದಿಗೂ ಚೆಂದಕ್ಕೆ ಅಂತ ಸನ್‌ಮೈಕಾ ಅಂಟಿಸಿ, ಯಾಕೆ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ಅಂಗಡಿಯವನಿಗೆ ಬೈಯುತ್ತಾರೆ.

ಆದರೆ ನನ್ನ ಪ್ರಕಾರ ಮನೆಯ ಮರಗೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಅಳತೆಯದ್ದಲ್ಲ, ದಿಕ್ಕಿನದ್ದು. ಕಪಾಟಿನ ಎರಡು ಬದಿ ಹಲಗೆಗಳು ಒಂದಕ್ಕೊಂದು ಕನ್ನಡಿಯಲ್ಲಿ ಕಂಡ ಹಾಗೆ ಇರಬೇಕು. ನಾವು ಒಂದಕ್ಕೆ ತೂತು ಹಾಕಿ, ಅದೇ ಹುರುಪಿನಲ್ಲಿ ಇನ್ನೊಂದಕ್ಕೂ ಹಾಗೇ ಹಾಕುತ್ತೇವೆ. ಜೋಡಿಸಲು ಕೂತಾಗ ಎರಡೂ ಎಡಗಾಲಿನ ಚಪ್ಪಲಿ. ಮೇಜಿನ ಕಾಲಿಗೆ ಉಳಿಯಿಂದ ಗುಳಿ ತೋಡುವಾಗಲೂ ಇದೇ ಕಥೆ: ನಾಲ್ಕು ಕಾಲೂ ನೋಡಲು ಒಂದೇ ಥರ, ಒಂದರ ಗುಳಿ ಮಾತ್ರ ಹೊರಮುಖಕ್ಕೆ. ಎಡ, ಬಲ, ಮೇಲೆ, ಕೆಳಗೆ ಅಂತ ಬರೆದಿಟ್ಟರೂ ಸಾಲದು, ಯಾಕೆಂದರೆ ಹಲಗೆ ತಿರುಗಿಸಿದರೆ ಎಡವೇ ಬಲ. ಇದಕ್ಕೆ ಒಂದು ಹಳೆಯ ಉಪಾಯ ಇದೆ. ನಾಲ್ಕೂ ಕಾಲುಗಳನ್ನು ಅವು ನಿಲ್ಲುವ ಕ್ರಮದಲ್ಲೇ ಒತ್ತಾಗಿ ಸೇರಿಸಿ ಹಿಡಿದು, ತಲೆಯ ಮೇಲೆ ಎಲ್ಲಕ್ಕೂ ಸೇರಿ ಒಂದೇ ದೊಡ್ಡ ತ್ರಿಕೋನ ಎಳೆಯಿರಿ. ಬಿಡಿಸಿದಾಗ ಒಂದೊಂದು ಕಾಲಿನ ಮೇಲೂ ಆ ತ್ರಿಕೋನದ ಒಂದು ತುಂಡು ಇರುತ್ತದೆ. ಮತ್ತೆ ತ್ರಿಕೋನ ಕೂಡಿದರೆ ಕಾಲು ಸರಿಯಾಗಿದೆ, ಕೂಡದಿದ್ದರೆ ಉಳಿ ಕೆಳಗಿಡಿ. ಪೆನ್ಸಿಲಿನ ಮೂರು ಗೆರೆಯ ಖರ್ಚು.

ಫೆವಿಕಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಟು ಹಚ್ಚುವ ಮೊದಲು ಒಂದು ಸಲ ಸುಮ್ನೆ ಅಂಟಿಲ್ಲದೆಯೇ ಎಲ್ಲವನ್ನೂ ಜೋಡಿಸಿ ನೋಡಿ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ, ಇಲ್ಲದಿದ್ದರೆ ಪಾಲಿಶ್ ಆ ಜಾಗಕ್ಕೆ ಹಿಡಿಯದೆ ಬಿಳಿಚಿಕೊಂಡು ಕಾಣುತ್ತದೆ.

ಕೆಲವು ತಪ್ಪುಗಳು ಆ ದಿನ ಕಾಣುವುದೇ ಇಲ್ಲ. ಮಂಗಳೂರಿನ ಜುಲೈ ಮಳೆಯಲ್ಲಿ ಮಾಡಿದ ಹಲಸಿನ ಮೇಜನ್ನು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ತಗೊಂಡು ಹೋಗಿ ನೋಡಿ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಆಗುವುದು ಲೆಕ್ಕಕ್ಕೇ ಇಲ್ಲ, ಎಳೆಗೆ ಅಡ್ಡವಾಗಿ ಮಾತ್ರ ಅದು ಉಬ್ಬುತ್ತದೆ, ಕುಗ್ಗುತ್ತದೆ. ಅಗಲದ ಹಲಗೆಯನ್ನು ಚೌಕಟ್ಟಿಗೆ ಅಂಟು ಹಾಕಿ, ಸ್ಕ್ರೂ ಹೊಡೆದು ಕಟ್ಟಿಹಾಕಿದರೆ ಅದು ಸೀಳಿಕೊಂಡಾದರೂ ಕುಗ್ಗುತ್ತದೆ. ಸ್ಕ್ರೂ ತೂತನ್ನು ಗುಂಡಗೆ ಮಾಡುವ ಬದಲು ಸ್ವಲ್ಪ ಉದ್ದಗೆ ಮಾಡಿ, ಹಲಗೆಗೆ ಜರುಗಲು ಜಾಗ ಕೊಡಿ. ಪ್ಲೈವುಡ್‌ಗೆ ಈ ತಾಪತ್ರಯ ಇಲ್ಲ.

ಈಗ ಎರಡನೇ ತಪ್ಪಿಗೆ ಬರೋಣ. ಪಟ್ಟಿ 2 ಮಿ.ಮೀ. ಉದ್ದ ಬಂತು ಅನ್ನಿ. ಮತ್ತೆ ಗರಗಸ ಎತ್ತುತ್ತೇವೆ. ಆದರೆ 2 ಮಿ.ಮೀ. ಕೊಯ್ಯುವಾಗ ಗರಗಸದ ಒಂದು ಬದಿಗೆ ಮಾತ್ರ ಮರ ಇರುತ್ತದೆ, ಇನ್ನೊಂದು ಬದಿಗೆ ಆನಿಸಿಕೊಳ್ಳಲು ಏನೂ ಇಲ್ಲ. ಅಲಗು ಆಚೆ ಜಾರುತ್ತದೆ. ಅದನ್ನು ತಡೆಯಲು ಎಡಗೈ ಹೆಬ್ಬೆರಳು ತಾನಾಗೇ ಅಲಗಿನ ಪಕ್ಕಕ್ಕೆ ಬರುತ್ತದೆ. ಗಾಯ ಆಗುವುದೇ ಹೀಗೆ, ಅಲ್ವಾ? ಪಕ್ಕದಲ್ಲಿ ಒಂದು ಬೇಡದ ತುಂಡನ್ನು ಒತ್ತಿ ಕ್ಲ್ಯಾಂಪ್ ಹಾಕಿ, ಎರಡನ್ನೂ ಸೇರಿಸಿ ಕೊಯ್ಯಿರಿ. ಇಲ್ಲವೇ ಮರ ಸವರುವ ಹತ್ತರಿ ಹೊಡೆಯಿರಿ, ಅದೂ ಎರಡೂ ಕಡೆಯಿಂದ ನಡುವಿಗೆ. ಒಂದೇ ಕಡೆಯಿಂದ ಹೊಡೆದರೆ ಆಚೆ ಮೂಲೆ ಸಿಡಿಯುತ್ತದೆ, ಆಗ ಮೂರನೇ ತಪ್ಪಿಗೆ ದಾರಿ.

ಕುಂಟುವ ಸ್ಟೂಲಿನದ್ದೂ ಇದೇ ಪಾಡು. ಈ ಕಾಲು ಚೂರು ಕತ್ತರಿಸಿದರು, ಆ ಕಾಲು ಕುಂಟಿತು. ಅದನ್ನು ಕತ್ತರಿಸಿದರು, ಇದು ಕುಂಟಿತು. ಸಂಜೆಯ ಹೊತ್ತಿಗೆ ಸ್ಟೂಲು ಹೋಗಿ ಮಣೆ ಆಗಿರುತ್ತದೆ. ಮೊದಲು ನೆಲ ಮಟ್ಟವಾಗಿದೆಯಾ ನೋಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎತ್ತಿಕೊಂಡ ಕಾಲಿನ ಕೆಳಗೆ ಚಕ್ಕೆ ಕೊಟ್ಟು ಅಲ್ಲಾಡದ ಹಾಗೆ ಮಾಡಿ. ಆಮೇಲೆ ಒಂದು ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ, ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರಕ್ಕೆ ಗೆರೆ ಎಳೆದು, ಒಂದೇ ಸಲ ಕೊಯ್ಯಿರಿ.

ಉಳಿಯ ವಿಷಯ ಚಿಕ್ಕದು. ಮೊಂಡು ಉಳಿಗೆ ಜೋರು ಹಾಕಬೇಕು, ಜೋರು ಹಾಕಿದ್ದು ಜಾರುತ್ತದೆ, ಜಾರಿದ್ದು ಮುಂದೆ ಮರ ಹಿಡಿದಿರುವ ಕೈಗೇ. ಮರವನ್ನು ಕ್ಲ್ಯಾಂಪ್ ಹಿಡಿಯಲಿ, ನಿಮ್ಮ ಎರಡೂ ಕೈ ಉಳಿಯ ಹಿಂದೆ ಇರಲಿ.

ನನಗೆ ನಿಜವಾಗಿ ಭಯ ಇರುವುದು ಮಾರ್ಬಲ್ ಕಟರ್ ಬಗ್ಗೆ. ಕಲ್ಲು ಕೊಯ್ಯುವ ಮೆಷಿನ್‌ಗೆ 4 ಇಂಚಿನ ಹಲ್ಲಿನ ಬ್ಲೇಡ್ ಹಾಕಿ, ಕೊಯ್ಯುವ ಗೆರೆ ಕಾಣಿಸುವುದಿಲ್ಲ ಅಂತ ಬ್ಲೇಡ್ ಮುಚ್ಚುವ ಗಾರ್ಡ್ ಬಿಚ್ಚಿ, ಪ್ಲೈವುಡ್ ಕೊಯ್ಯುವುದು ನಮ್ಮಲ್ಲಿ ಮಾಮೂಲಿ. ಅದು ನಿಮಿಷಕ್ಕೆ 10 ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಸಾಲದ್ದಕ್ಕೆ ಕೈ ಬಿಟ್ಟರೂ ಸ್ವಿಚ್ ಒತ್ತಿದಂತೆಯೇ ಇರುವ ಹಾಗೆ ಮಾಡುವ ಲಾಕ್ ಬಟನ್ ಬೇರೆ. ಕೊಯ್ಯುತ್ತಿರುವಾಗ ಕರೆಂಟ್ ಹೋಗುತ್ತದೆ. ಥೂ ಅಂತ ಮೆಷಿನ್ ಅನ್ನು ಹಾಗೇ ನೆಲದ ಮೇಲಿಟ್ಟು ಕಾಫಿಗೆ ಹೋಗುತ್ತಾರೆ. ಲಾಕ್ ಬಿಡಿಸಿರುವುದಿಲ್ಲ, ಪ್ಲಗ್ ತೆಗೆದಿರುವುದಿಲ್ಲ. ಕರೆಂಟ್ ಬಂದ ತಕ್ಷಣ ಯಾರೂ ಹಿಡಿದಿಲ್ಲದ ಮೆಷಿನ್ ತಾನೇ ಶುರುವಾಗಿ ನೆಲದ ಮೇಲೆ ಓಡಾಡುತ್ತದೆ, ಆ ಹೊತ್ತಿಗೆ ಮಗು ಅಲ್ಲಿಗೆ ಬಂದಿದ್ದರೆ? ಕರೆಂಟ್ ಹೋದರೆ ಮೊದಲು ಪ್ಲಗ್ ಕೀಳಿ. ಮೆಷಿನ್ ಮುಂದೆ ಗ್ಲೌಸ್ ಬೇಡ, ಉಂಗುರ ಬೇಡ, ಮಣಿಕಟ್ಟಿನಲ್ಲಿ ಜೋತಾಡುವ ದೇವಸ್ಥಾನದ ದಾರವೂ ಬೇಡ. ದೇವರು ತಪ್ಪು ತಿಳಿಯುವುದಿಲ್ಲ.

ಎಣ್ಣೆ ಬಟ್ಟೆಯ ವಿಷಯ ಎಷ್ಟೋ ಜನ ನಂಬುವುದೇ ಇಲ್ಲ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆದರೆ, ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುತ್ತಾ ಬಿಸಿಯಾಗುತ್ತದೆ. ಉಂಡೆಯ ಒಳಗಿನ ಬಿಸಿ ಹೊರಗೆ ಹೋಗಲಾರದೆ ಬೆಂಕಿ ತಾನಾಗೇ ಹೊತ್ತಿಕೊಳ್ಳಬಹುದು. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದದ್ದು 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದ ಇಂಥ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಇಷ್ಟೆಲ್ಲ ಆದಮೇಲೂ ಕೈ ಕುಯ್ದುಕೊಂಡರೆ ಕಾಫಿ ಪುಡಿ, ಅರಿಶಿನ ತುಂಬಬೇಡಿ. ಡಾಕ್ಟರು ಹೊಲಿಗೆ ಹಾಕುವ ಮೊದಲು ಅದನ್ನೆಲ್ಲ ತೊಳೆದು ತೆಗೆಯಬೇಕು, ನೋವು ನಿಮಗೇ. ಶುಭ್ರ ಬಟ್ಟೆಯಿಂದ 10 ನಿಮಿಷ ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿಯಿರಿ. ನಡುನಡುವೆ ತೆಗೆದು ನಿಂತಿತಾ ಅಂತ ನೋಡಬೇಡಿ. ಆಮೇಲೂ ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ತುದಿ ಮರಗಟ್ಟಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಕೇಳುತ್ತಾರೆ, ನೆನಪಿರಲಿ. ಬ್ಯಾಂಡೇಜ್ ಡಬ್ಬಿ ಒಳಮನೆಯ ಬೀರುವಿನಲ್ಲಿದ್ದರೆ ಪ್ರಯೋಜನ ಇಲ್ಲ. ಕೆಲಸದ ಜಾಗದಲ್ಲೇ ಇರಲಿ, ಒಂದೇ ಕೈಯಲ್ಲಿ ಮುಚ್ಚಳ ತೆಗೆಯುವ ಹಾಗಿರಲಿ.

ಟೀ ಬಂದಿದೆ. ತ್ರಿಕೋನ ಎಳೆದ ನಾಲ್ಕು ಕಾಲುಗಳು ಈ ಮೇಜಿನ ಮೇಲಿವೆ, ಬಂದು ಕಲಸಿ, ಮತ್ತೆ ಜೋಡಿಸಿ ನೋಡಿ. ಪ್ರಶ್ನೆ ಇದ್ದವರು ಇಲ್ಲೇ ಕೇಳಬಹುದು.