ಎಡಿಎಚ್‌ಡಿ ಮಾತ್ರೆ ‘ಒಗ್ಗಿಹೋಯ್ತು’ ಅನ್ನೋ ಮುಂಚೆ ಗಡಿಯಾರ ನೋಡಿ

[ದೃಶ್ಯ: ಮಂಡ್ಯ, ಬೆಳಗ್ಗೆ. ಶಾಲಾ ವ್ಯಾನ್ ಹತ್ತುತ್ತಿರುವ ಮಕ್ಕಳು. ಪರದೆಯ ಮೂಲೆಯಲ್ಲಿ ಸಮಯ 7:10]

ನಿರೂಪಣೆ:

“ಮೊದಲ ಮೂರು ತಿಂಗಳು ಚೆನ್ನಾಗಿತ್ತು ಡಾಕ್ಟ್ರೇ. ಈಗ ಮಾತ್ರೆ ಕೊಟ್ರೂ ಅಷ್ಟೇ, ಬಿಟ್ರೂ ಅಷ್ಟೇ. ಮೈಗೆ ಒಗ್ಗಿಹೋಗಿದೆ, ಪವರ್ ಜಾಸ್ತಿ ಮಾಡಿಕೊಡಿ.”

ಎಡಿಎಚ್‌ಡಿಗೆ, ಅಂದ್ರೆ ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರೋ ಸಮಸ್ಯೆಗೆ, ಮಿಥೈಲ್‌ಫೆನಿಡೇಟ್ ಅನ್ನೋ ಮಾತ್ರೆ ತಗೊಳ್ಳೋ ಮಕ್ಕಳ ಮನೆಯವರು ಒಂದಲ್ಲ ಒಂದು ದಿನ ಈ ಮಾತು ಆಡ್ತಾರೆ. ಸುಳ್ಳು ಹೇಳ್ತಿಲ್ಲ, ಏನೋ ಬದಲಾಗಿರೋದು ನಿಜ. ಆದ್ರೆ ಅಪ್ಪ ಅಮ್ಮ ಮಗುನ ನೋಡೋದು ಬೆಳಗ್ಗೆ ಆರೂವರೆಗೆ, ಆಗ ಮಾತ್ರೆ ಇನ್ನೂ ಹೊಟ್ಟೆಗೇ ಹೋಗಿರಲ್ಲ. ಮತ್ತೆ ನೋಡೋದು ಸಂಜೆ ಐದೂವರೆಗೆ, ಅಷ್ಟೊತ್ತಿಗೆ ಮಾತ್ರೆಯ ಕೆಲಸ ಮುಗಿದಿರುತ್ತೆ. ಔಷಧಿ ಕೆಲಸ ಮಾಡೋ ಹೊತ್ತನ್ನ ನೋಡೋರು ಮೇಷ್ಟ್ರು. ಅವರನ್ನ ಕೇಳದೇ “ಕೆಲಸ ಮಾಡ್ತಿಲ್ಲ” ಅಂತ ಹೇಳೋಕೆ ಬರಲ್ಲ.

[ಶೀರ್ಷಿಕೆ ಫಲಕ]

ಮೊದಲು ಈ ಮಾತ್ರೆ ಒಳಗೆ ಮಾಡೋದೇನು ನೋಡೋಣ. ನರಕೋಶಗಳ ನಡುವೆ ಸಂದೇಶ ಒಯ್ಯೋ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕಗಳು ಬಿಡುಗಡೆ ಆಗುತ್ತವೆ. ಕೆಲಸ ಮುಗಿದ ಕೂಡಲೇ ಟ್ರಾನ್ಸ್‌ಪೋರ್ಟರ್ ಅನ್ನೋ ಪ್ರೋಟೀನ್‌ಗಳು ಅವನ್ನ ವಾಪಸ್ ಎಳ್ಕೊಳ್ತವೆ. ಮಿಥೈಲ್‌ಫೆನಿಡೇಟ್ ಆ ಎಳ್ಕೊಳ್ಳೋ ದಾರಿಯನ್ನ ಮುಚ್ಚುತ್ತೆ. ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ಭತ್ತ ಮಾಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ: ನಾಲೆಯಿಂದ ಹೆಚ್ಚಿಗೆ ನೀರು ತಂದಿಲ್ಲ, ಗದ್ದೆಯಿಂದ ಆಚೆ ಹೋಗೋ ಮಡೆ ಕಟ್ಟಿದ್ದೀವಿ. ಮಾತ್ರೆ ಇಳಿದಾಗ ಮಡೆ ಮತ್ತೆ ತೆರೆದುಕೊಳ್ಳುತ್ತೆ.

ರಕ್ತದಲ್ಲಿ ಈ ಔಷಧಿಯ ಅರ್ಧಾಯುಷ್ಯ, ಅಂದ್ರೆ ಅದರ ಮಟ್ಟ ಅರ್ಧಕ್ಕೆ ಇಳಿಯೋ ಸಮಯ, ಸುಮಾರು 2ರಿಂದ 3 ಗಂಟೆ. ಸಾಮಾನ್ಯ ಮಾತ್ರೆ ಅರ್ಧದಿಂದ ಒಂದು ಗಂಟೆಯೊಳಗೆ ಹಿಡಿಯುತ್ತೆ, 3ರಿಂದ 4 ಗಂಟೆ ನಿಲ್ಲುತ್ತೆ. ನಿಧಾನ ಬಿಡುಗಡೆಯ ಎಸ್‌ಆರ್ ಮಾತ್ರೆ ಸುಮಾರು 8 ಗಂಟೆ. ನೀರು ಹೀರಿಕೊಂಡು ಔಷಧಿಯನ್ನ ಮೆಲ್ಲಗೆ ಹೊರಗೆ ದಬ್ಬೋ ಆಸ್ಮೋಟಿಕ್ ಪಂಪ್ ಇರೋ ಮಾತ್ರೆ 10ರಿಂದ 12 ಗಂಟೆ.

[ಪರದೆ ಮೇಲೆ: ಮೂರು ಗೆರೆಗಳ ಗ್ರಾಫ್, ಬೆಳಗ್ಗೆ 6ರಿಂದ ರಾತ್ರಿ 8]

ಮಂಡ್ಯದಿಂದ ಮೈಸೂರಿನ ಶಾಲೆಗೆ ಹೋಗೋ ಒಂದು ಮಗುನ ಉದಾಹರಣೆಗೆ ತಗೊಳ್ಳಿ. ಮೊದಲು ಊರಲ್ಲೇ ಓದ್ತಿದ್ದಾಗ 10 ಮಿ.ಗ್ರಾಂ ಸಾಮಾನ್ಯ ಮಾತ್ರೆ ಬೆಳಗ್ಗೆ 9ಕ್ಕೆ, ತರಗತಿ ಶುರು 9:30ಕ್ಕೆ. ಮಧ್ಯಾಹ್ನ ಒಂದು ಗಂಟೆವರೆಗೂ ಕಾವಲು ಇತ್ತು. ಈಗ ವ್ಯಾನ್ 7:10ಕ್ಕೆ ಬರುತ್ತೆ, ಅದಕ್ಕೇ ಮಾತ್ರೆ 6:45ಕ್ಕೆ. ವ್ಯಾನ್ ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಮಾತ್ರೆ ಏರಿರುತ್ತೆ, ಮೂರನೇ ಪೀರಿಯಡ್ ಹೊತ್ತಿಗೆ ಇಳಿದಿರುತ್ತೆ. ಅದೇ ಡೋಸ್, ಅದೇ ಮೆದುಳು. ಔಷಧಿಯ ಅರ್ಧ ಹೆದ್ದಾರಿಯಲ್ಲಿ ಖರ್ಚಾಯ್ತು. ಇಲ್ಲಿ 10ನ್ನ 15 ಮಾಡಿದ್ರೆ ವ್ಯಾನಲ್ಲಿ ಮಗು ಇನ್ನಷ್ಟು ಸುಮ್ಮನೆ ಕೂರಬಹುದು, ಹನ್ನೊಂದೂವರೆಯ ಗಣಿತಕ್ಕೆ ಏನೂ ಸಿಗಲ್ಲ. ಬೇಕಿರೋದು ಎರಡನೇ ಡೋಸ್, ಇಲ್ಲಾ ಎಸ್‌ಆರ್. ಎರಡನೇ ಡೋಸ್ ಶಾಲೆಯಲ್ಲಿ ಯಾರು ಕೊಡ್ತಾರೆ ಅನ್ನೋದನ್ನ ಮೊದಲೇ ಮಾತಾಡಿಕೊಳ್ಳಿ. ಮಗುವಿನ ಬ್ಯಾಗಲ್ಲಿ ಸ್ಟ್ರಿಪ್ ಇಟ್ಟು ಕಳಿಸಬೇಡಿ.

ಇನ್ನು ಸಂಜೆ. ಮಾತ್ರೆ ಇಳಿಯೋ ಹೊತ್ತಲ್ಲಿ ಅರ್ಧ ಗಂಟೆ, ಒಂದು ಗಂಟೆ ಕೆಲವು ಮಕ್ಕಳು ಮೊದಲಿಗಿಂತ ಹೆಚ್ಚು ರೇಗ್ತಾರೆ, ಅಳ್ತಾರೆ. ಇದು ರೀಬೌಂಡ್. ಮನೆಯವರ ಕಣ್ಣಿಗೆ ಬೀಳೋದು ಇದೇ. ಮಧ್ಯಾಹ್ನ ಹಸಿವಿಲ್ಲದೆ ಊಟ ಬಿಟ್ಟಿದ್ರೆ ಇನ್ನೂ ಜೋರು. ಮನೆಗೆ ಬಂದ ಕೂಡಲೇ ಹೋಂವರ್ಕ್ ತೆಗೆಸೋ ಬದಲು ಹೊಟ್ಟೆ ತುಂಬ ಏನಾದ್ರೂ ಕೊಡಿ, ಆಮೇಲೆ ಪುಸ್ತಕ.

[ಪರದೆ ಮೇಲೆ: ‘ಒಗ್ಗಿಕೊಳ್ಳುವುದು’ ನಿಜಕ್ಕೂ ಇದೆಯಾ?]

ಇದೆ. ಆದ್ರೆ ಒಂದೇ ಥರದ್ದಲ್ಲ.

ಚೆನ್ನಾಗಿ ಗೊತ್ತಿರೋದು ಒಂದೇ ದಿನದೊಳಗಿನ ಒಗ್ಗುವಿಕೆ. 1999ರಲ್ಲಿ ಅಮೆರಿಕದ ಜೇಮ್ಸ್ ಸ್ವಾನ್ಸನ್ ತಂಡ ಮಕ್ಕಳಿಗೆ ಇಡೀ ದಿನ ರಕ್ತದಲ್ಲಿ ಒಂದೇ ಮಟ್ಟ ಇರೋ ಹಾಗೆ ಮಿಥೈಲ್‌ಫೆನಿಡೇಟ್ ಕೊಟ್ಟು ನೋಡ್ತು. ದಿನಕ್ಕೆ ಮೂರು ಸಲ ಕೊಟ್ಟಾಗ ಸಿಕ್ಕಷ್ಟು ಪರಿಣಾಮ ಇದರಲ್ಲಿ ಮಧ್ಯಾಹ್ನದ ಮೇಲೆ ಸಿಗಲಿಲ್ಲ. ಮಟ್ಟ ಏರ್ತಾ ಇರಬೇಕು ಅನ್ನೋದು ಅದರ ಪಾಠ. ಆಸ್ಮೋಟಿಕ್ ಮಾತ್ರೆಯ ವಿನ್ಯಾಸ ಬಂದಿದ್ದೇ ಈ ಲೆಕ್ಕದ ಮೇಲೆ: ಹೊರಪದರದಲ್ಲಿ 22% ಔಷಧಿ, ನುಂಗಿದ ಕೂಡಲೇ ಕರಗುತ್ತೆ. 18 ಮಿ.ಗ್ರಾಂ ಮಾತ್ರೆಯಲ್ಲಿ ಅದು ಸುಮಾರು 4 ಮಿ.ಗ್ರಾಂ. ಉಳಿದ 78% ಸಣ್ಣ ರಂಧ್ರದ ಮೂಲಕ ಗಂಟೆಗಟ್ಟಲೆ ಏರುಗತಿಯಲ್ಲಿ ಹೊರಬರುತ್ತೆ. ಖಾಲಿ ಚಿಪ್ಪು ಮಲದಲ್ಲಿ ಹಾಗೇ ಹೊರಗೆ ಹೋಗುತ್ತೆ. ಅದನ್ನ ನೋಡಿ “ಮಾತ್ರೆ ಕರಗೇ ಇಲ್ಲ” ಅಂತ ಗಾಬರಿ ಬೀಳಬೇಡಿ.

ಇಂಥ ಮಾತ್ರೆಯನ್ನ ಅರೆದು, ಚೂರು ಮಾಡಿ, ಹಾಲಲ್ಲಿ ಕಲಸಿ ಕೊಟ್ರೆ ಹನ್ನೆರಡು ಗಂಟೆಯ ಔಷಧಿ ಒಂದೇ ಸಲ ರಕ್ತಕ್ಕೆ ನುಗ್ಗುತ್ತೆ. ಬೆಳಗ್ಗೆ ಎದೆ ಡವಡವ, ಮಧ್ಯಾಹ್ನ ಏನೂ ಇಲ್ಲ. ಮಗುವಿಗೆ ನುಂಗೋಕೆ ಆಗಲ್ಲ ಅಂದ್ರೆ ಡಾಕ್ಟರಿಗೆ ಹೇಳಿ, ಬೇರೆ ರೂಪದ ಔಷಧಿ ಕೇಳಿ.

ಎರಡನೇದು, ಅಡ್ಡಪರಿಣಾಮಗಳಿಗೆ ಒಗ್ಗೋದು. ಮೊದಲ ವಾರಗಳ ತಲೆನೋವು, ಹೊಟ್ಟೆನೋವು ಎಷ್ಟೋ ಜನರಲ್ಲಿ ತಾವಾಗೇ ತಗ್ಗುತ್ತವೆ. ದೊಡ್ಡವರಲ್ಲಿ ಇದರ ಜೊತೆಗೇ ಮೊದಲ ದಿನಗಳ ಹುರುಪೂ ಇಳಿಯುತ್ತೆ. “ಆ ಕಿಕ್ ಈಗಿಲ್ಲ” ಅಂತಾರೆ. ಕಿಕ್ ಯಾವತ್ತೂ ಚಿಕಿತ್ಸೆ ಆಗಿರಲಿಲ್ಲ. ಫೈಲ್ ಮುಗಿಯುತ್ತಾ, ಗಾಡಿ ಕೀ ಸಿಗುತ್ತಾ, ಮೀಟಿಂಗಲ್ಲಿ ಎದುರಿನವರ ಮಾತು ತಲೆಗೆ ಹೋಗುತ್ತಾ ಅಂತ ನೋಡಬೇಕು. ಹುರುಪನ್ನ ಹಿಂಬಾಲಿಸಿ ಡೋಸ್ ಏರಿಸ್ತಾ ಹೋದ್ರೆ ಸಿಗೋದು ನಿದ್ದೆಗೇಡು.

ಮೂರನೇದು ತಿಂಗಳು, ವರ್ಷಗಳ ಲೆಕ್ಕದ್ದು. ಭಯ ಇರೋದು ಇದರ ಬಗ್ಗೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂದೆ ಔಷಧಿ ತಗೊಂಡೇ ಇರದ 18 ವಯಸ್ಕರಿಗೆ ಒಂದು ವರ್ಷ ಮಿಥೈಲ್‌ಫೆನಿಡೇಟ್ ಕೊಟ್ಟು ಮೆದುಳಿನ ಪೆಟ್ ಸ್ಕ್ಯಾನ್ ಮಾಡಿದ್ರು. ಡೋಪಮೈನ್ ಟ್ರಾನ್ಸ್‌ಪೋರ್ಟರ್ ಪ್ರಮಾಣ ಸುಮಾರು 24% ಹೆಚ್ಚಿತ್ತು. ಅಂದ್ರೆ ಕಟ್ಟಿದ ಮಡೆಯ ಪಕ್ಕ ದೇಹ ಹೊಸ ಮಡೆ ತೋಡಿಕೊಂಡಿದೆ. ಸಣ್ಣ ಅಧ್ಯಯನ, ಆದ್ರೂ ತಳ್ಳಿಹಾಕೋ ಹಾಗಿಲ್ಲ. ಮಾತ್ರೆ ಬಿಟ್ಟ ದಿನ ಮೊದಲಿಗಿಂತ ಮಂಕು ಅನ್ನಿಸೋದಕ್ಕೆ ಇದೊಂದು ಕಾರಣ ಇರಬಹುದು.

ಹಾಗಂತ ಎಲ್ಲರಲ್ಲೂ ಔಷಧಿ ಸತ್ತುಹೋಗುತ್ತಾ? ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾತ್ರೆ ತಗೊಂಡಿದ್ದ 94 ಮಕ್ಕಳು, ಹದಿಹರೆಯದವರನ್ನ ಎರಡು ಗುಂಪು ಮಾಡಿದ್ರು. ಒಂದಕ್ಕೆ ಔಷಧಿ ಮುಂದುವರಿಕೆ, ಇನ್ನೊಂದಕ್ಕೆ ಮೆಲ್ಲಗೆ ಇಳಿಸಿ ಖಾಲಿ ಮಾತ್ರೆ. ಫಲಿತಾಂಶ ಬಂದಿದ್ದು 2019ರಲ್ಲಿ. ಏಳು ವಾರದಲ್ಲಿ ಹದಗೆಟ್ಟವರು ಮುಂದುವರಿಸಿದ ಗುಂಪಲ್ಲಿ 15.9%, ನಿಲ್ಲಿಸಿದ ಗುಂಪಲ್ಲಿ 40.4%. ಎರಡು ವರ್ಷ ಕಳೆದ ಮೇಲೂ ಮಾತ್ರೆ ಕೆಲಸ ಮಾಡ್ತಿತ್ತು ಅಂತಾಯ್ತು. ಇದೇ ಅಂಕಿಯನ್ನ ತಿರುಗಿಸಿ ಓದಿ: ನಿಲ್ಲಿಸಿದವರಲ್ಲಿ ಸುಮಾರು ಅರವತ್ತು ಪರ್ಸೆಂಟ್ ಹದಗೆಡಲಿಲ್ಲ. ಒಬ್ಬೊಬ್ಬರದು ಒಂದೊಂದು. ಅದಕ್ಕೇ ವರ್ಷಕ್ಕೊಮ್ಮೆ “ಇನ್ನೂ ಬೇಕಾ?” ಅಂತ ಡಾಕ್ಟರ ಜೊತೆ ಕೂತು ನೋಡಬೇಕು.

[ದೃಶ್ಯ: ಮೈಸೂರು, ಔಷಧಿ ಅಂಗಡಿಯ ಕೌಂಟರ್. ಫಲಕ, ಮುಖ ಕಾಣದಂತೆ]

ಈಗ ಅಂಗಡಿಗೆ ಬನ್ನಿ. ಮಿಥೈಲ್‌ಫೆನಿಡೇಟ್ ನಮ್ಮಲ್ಲಿ ಷೆಡ್ಯೂಲ್ ಎಕ್ಸ್ ಔಷಧಿ, ಅಂದ್ರೆ ಮಾರಾಟಕ್ಕೆ ಕಟ್ಟುನಿಟ್ಟು ಇರೋ ಪಟ್ಟಿಯದು. ಚೀಟಿ ಎರಡು ಪ್ರತಿ ಬೇಕು, ಒಂದು ಪ್ರತಿಯನ್ನ ಅಂಗಡಿಯವರು ಎರಡು ವರ್ಷ ಇಟ್ಕೋಬೇಕು. ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕಾದ್ದರಿಂದ ಎಲ್ಲಾ ಅಂಗಡಿಯಲ್ಲೂ ಸಿಗಲ್ಲ. ಸ್ಟಾಕ್ ಮುಗಿದಾಗ ಎರಡು ತಪ್ಪು ಆಗ್ತವೆ. ಒಂದು, ನಾಲ್ಕೈದು ದಿನ ಮಾತ್ರೆ ತಪ್ಪುತ್ತೆ, ಅಥವಾ ಉಳಿಸೋಕೆ ಅಂತ ದಿನ ಬಿಟ್ಟು ದಿನ ಕೊಡ್ತಾರೆ. ಇನ್ನೊಂದು, ಇನ್‌ಸ್ಪೈರಲ್ ಬದಲು ಆಡ್‌ವೈಜ್, ಅದರ ಬದಲು ಇದು ಅಂತ ಬ್ರ್ಯಾಂಡ್ ಬದಲಾಗುತ್ತೆ. ಮಿಲಿಗ್ರಾಂ ಒಂದೇ ಇದ್ರೂ ಬಿಡುಗಡೆಯ ವಿಧಾನ ಬೇರೆ ಇರಬಹುದು. ಎಸ್‌ಆರ್ ಇದ್ದದ್ದು ಸಾಮಾನ್ಯ ಮಾತ್ರೆ ಆಗಿಬಿಟ್ಟಿರಬಹುದು. ಅಮೆರಿಕದಲ್ಲೇ 2014ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆಸ್ಮೋಟಿಕ್ ಮಾತ್ರೆಯ ಎರಡು ಜೆನೆರಿಕ್‌ಗಳು, ಅಂದ್ರೆ ಬೇರೆ ಕಂಪನಿಗಳು ಮಾಡೋ ಅದೇ ಔಷಧಿಯ ಮಾತ್ರೆಗಳು, 7ರಿಂದ 12ನೇ ಗಂಟೆ ನಡುವೆ ಔಷಧಿಯನ್ನ ತಡವಾಗಿ ಬಿಡ್ತಿವೆ ಅಂತ ಅವನ್ನ ‘ಸಮಾನ’ ಪಟ್ಟಿಯಿಂದ ಇಳಿಸ್ತು. ಹಾಗಾಗಿ ಖಾಲಿಯಾದ ಸ್ಟ್ರಿಪ್ ಎಸೀಬೇಡಿ. “ಯಾವಾಗಿಂದ ಕಡಿಮೆ ಆಯ್ತು?” ಅನ್ನೋದಕ್ಕೂ ಸ್ಟ್ರಿಪ್ ಬದಲಾದ ತಾರೀಖಿಗೂ ತಾಳೆ ಹಾಕಿ. ಮಾತ್ರೆ ಮುಗಿಯೋಕೆ ಹತ್ತು ದಿನ ಇರುವಾಗಲೇ ಅಂಗಡಿಗೆ ಫೋನ್ ಮಾಡಿ.

ಮಗುವಿನ ಮೈ ತೂಕ? ಈ ಔಷಧಿಯನ್ನ ಕೆ.ಜಿ. ಲೆಕ್ಕದಲ್ಲಿ ಕರಾರುವಾಕ್ಕಾಗಿ ಅಳೆಯಲ್ಲ, ಆದ್ರೂ ಲೆಕ್ಕ ಹಾಕಿ ನೋಡಿ. 22 ಕೆ.ಜಿ. ಇದ್ದಾಗ 10 ಮಿ.ಗ್ರಾಂ ಅಂದ್ರೆ ಕೆ.ಜಿ.ಗೆ 0.45. ಅದೇ ಮಗು 45 ಕೆ.ಜಿ. ಆದಾಗ 0.22. ಬೆಳೆದಿರೋ ಮಗುವಿಗೆ ಹಳೇ ಅಂಗಿ ಚಿಕ್ಕದಾದ್ರೆ ಅದನ್ನ ಒಗ್ಗಿಹೋಯ್ತು ಅನ್ನಲ್ಲ.

ನಿದ್ದೆ ಎಲ್ಲಕ್ಕಿಂತ ದೊಡ್ಡ ಕಳ್ಳ. ರಾತ್ರಿ ಹನ್ನೆರಡರವರೆಗೆ ಮೊಬೈಲ್, ಐದಕ್ಕೆ ಟ್ಯೂಷನ್ ಅಂದ್ರೆ ಯಾವ ಡೋಸೂ ಸಾಲಲ್ಲ. ಮಗು ಗೊರಕೆ ಹೊಡೀತಿದ್ರೆ ಟಾನ್ಸಿಲ್, ಅಡಿನಾಯ್ಡ್ ತೋರಿಸಿ. ದೊಡ್ಡವರಲ್ಲಿ ಇನ್ನೊಂದು: ಮೈಸೂರಿನ ಹೆಬ್ಬಾಳದ ಐಟಿ ಕೆಲಸದವರು ಮಧ್ಯಾಹ್ನ ಮಾತ್ರೆ ಇಳಿದಾಗ ಎರಡು ಲೋಟ ಫಿಲ್ಟರ್ ಕಾಫಿ ಇಳಿಸ್ತಾರೆ. ಎದೆಬಡಿತ ಏರುತ್ತೆ, ಕೈ ನಡುಗುತ್ತೆ, ರಾತ್ರಿ ನಿದ್ದೆ ಬರಲ್ಲ, ಮಾರನೇ ದಿನ “ಮಾತ್ರೆ ಹಿಡೀತಿಲ್ಲ”. ಬೆಳಗ್ಗೆ ಒಂದು ಕಾಫಿ ಸಾಕು. ಮೈಸೂರಲ್ಲಿದ್ದು ಈ ಮಾತು ಹೇಳೋದು ಕಷ್ಟ, ಆದ್ರೂ ಹೇಳ್ತಿದ್ದೀವಿ. ಹೆಣ್ಣುಮಕ್ಕಳಲ್ಲಿ ಮುಟ್ಟಿಗೆ ಮುಂಚಿನ ವಾರ ಗಮನ ಕುಸಿಯೋದು ಸಾಮಾನ್ಯ, ಡೈರಿಯಲ್ಲಿ ಆ ದಿನಗಳನ್ನ ಗುರುತು ಮಾಡಿ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಇವನ್ನೂ ಡಾಕ್ಟರು ಒಮ್ಮೆ ನೋಡಲಿ.

ಒಂದು ಎಚ್ಚರಿಕೆ: ಡೋಸ್ ಹೆಚ್ಚಾದಾಗಲೂ ಮಾತ್ರೆ ಕೆಲಸ ಮಾಡ್ತಿಲ್ಲ ಅಂತಲೇ ಕಾಣುತ್ತೆ. ಮಗು ಮಂಕು ಬಡಿದ ಹಾಗೆ ಕೂರುತ್ತೆ, ಉಗುರು ಕಚ್ಚುತ್ತೆ, ಚರ್ಮ ಕಿತ್ಕೊಳ್ಳುತ್ತೆ, ಒಂದೇ ಲೆಕ್ಕಕ್ಕೆ ಅಂಟಿಕೊಂಡು ಮುಂದೆ ಹೋಗಲ್ಲ. ಇದು ಮಾತ್ರೆ ಏರಿರೋ ಹೊತ್ತಲ್ಲೇ ಆಗ್ತಿದ್ರೆ ಡೋಸ್ ಇಳಿಸಬೇಕು. ಏರಿಸೋಕೆ ಹೇಳಿ ಬರೋರು ಎಡವೋದೇ ಇಲ್ಲಿ.

[ದೃಶ್ಯ: ದಸರಾ ವಸ್ತುಪ್ರದರ್ಶನದ ದೀಪಗಳು]

ದಸರಾ ರಜೆಯ ಪ್ರಯೋಗ ನಮ್ಮೂರ ಕಡೆ ಬಹಳ. ರಜೆಯಲ್ಲಿ ಮಾತ್ರೆ ನಿಲ್ಲಿಸ್ತಾರೆ, ಮಗು ವಸ್ತುಪ್ರದರ್ಶನದಲ್ಲಿ ಖುಷಿಯಾಗಿ ಓಡಾಡುತ್ತೆ, “ಮಾತ್ರೆನೇ ಬೇಡ” ಅಂತ ತೀರ್ಮಾನ. ಪುಸ್ತಕ ಮುಟ್ಟದ ದಿನಗಳಲ್ಲಿ ಗಮನ ಅಳೆಯೋಕೆ ಆಗಲ್ಲ. ಫೆಬ್ರವರಿಯಲ್ಲಿ ಇದರ ತಿರುಗು: ಎಸ್‌ಎಸ್‌ಎಲ್‌ಸಿ, ಪಿಯುಸಿ ಒತ್ತಡ ಮೂರು ಪಟ್ಟು, ಔಷಧಿ ಅಷ್ಟೇ, “ಒಗ್ಗಿಹೋಯ್ತು” ಅಂತ ದೂರು. ರಜೆಯ ಬಿಡುವಿನಿಂದ ಹಸಿವು, ತೂಕ ಸುಧಾರಿಸಬಹುದು, ಆ ಕಾರಣಕ್ಕೆ ಡಾಕ್ಟರೇ ಬಿಡುವು ಹೇಳೋದೂ ಉಂಟು. ಮಾತ್ರೆಯ ‘ಪವರ್ ವಾಪಸ್ ಬರಲಿ’ ಅಂತ ವಾರಕ್ಕೆರಡು ದಿನ ಬಿಡೋದಕ್ಕೆ ಅಂಥ ಗಟ್ಟಿ ಆಧಾರ ಇಲ್ಲ. ನಿಲ್ಲಿಸಿ ನೋಡಲೇಬೇಕು ಅಂದ್ರೆ ಡಾಕ್ಟರಿಗೆ ಹೇಳಿ, ಪರೀಕ್ಷೆ ಇಲ್ಲದ, ಜೂನ್ ಮೊದಲ ವಾರವೂ ಅಲ್ಲದ ಮಾಮೂಲಿ ಶಾಲಾ ದಿನಗಳಲ್ಲಿ ನೋಡಿ. ಜೊತೆಗೆ ಕ್ಲೋನಿಡಿನ್ ಅನ್ನೋ ಇನ್ನೊಂದು ಔಷಧಿ ಕೊಡ್ತಿದ್ರೆ ಅದನ್ನ ಮಾತ್ರ ಥಟ್ಟನೆ ನಿಲ್ಲಿಸಲೇಬೇಡಿ, ಬಿಪಿ ದಿಢೀರ್ ಏರುತ್ತೆ.

ಇಷ್ಟೆಲ್ಲ ಸರಿ ಇದ್ದೂ, ಅಂದ್ರೆ ಅದೇ ಬ್ರ್ಯಾಂಡ್, ಅದೇ ಸಮಯ, ಸರಿಯಾದ ನಿದ್ದೆ ಇದ್ದೂ, ಮಾತ್ರೆ ಏರಿರೋ ಹೊತ್ತಲ್ಲೇ ವಾರಗಟ್ಟಲೆ ಪರಿಣಾಮ ತಗ್ಗಿದ್ರೆ, ಆಗ ನಿಜವಾದ ಒಗ್ಗುವಿಕೆ ಅನ್ನಬಹುದು. ಡಾಕ್ಟರು ವಾರಕ್ಕೆ 5ರಿಂದ 10 ಮಿ.ಗ್ರಾಂ ಮೀರದ ಹಾಗೆ ಏರಿಸಿ ನೋಡ್ತಾರೆ. ಸಾಮಾನ್ಯ ಮಾತ್ರೆಗೆ ದಿನದ ಮಿತಿ 60 ಮಿ.ಗ್ರಾಂ. ಬಿಡುಗಡೆಯ ವಿಧಾನ ಬದಲಿಸಬಹುದು, ಇಲ್ಲಾ ಸ್ಟಿಮ್ಯುಲೆಂಟ್ (ಮಿಥೈಲ್‌ಫೆನಿಡೇಟ್ ಥರದ ಉತ್ತೇಜಕ) ಅಲ್ಲದ ಅಟೊಮಾಕ್ಸೆಟಿನ್‌ಗೆ ಹೋಗಬಹುದು. ಅದರ ಪರಿಣಾಮ ಕಾಣೋಕೆ 4ರಿಂದ 6 ವಾರ ಬೇಕು, ಎರಡನೇ ವಾರಕ್ಕೇ ಬೇಸತ್ತು ಬಿಡಬೇಡಿ. ಪ್ರತಿ ಸಲ ಏರಿಸಿದಾಗಲೂ ಕೆಲವೇ ವಾರದಲ್ಲಿ ಪರಿಣಾಮ ಕರಗ್ತಿದ್ರೆ ಮಿಲಿಗ್ರಾಂ ಬಿಟ್ಟು ರೋಗನಿರ್ಣಯವನ್ನೇ ಮತ್ತೆ ಪರಿಶೀಲಿಸಬೇಕು.

“ಚಟ ಆಗುತ್ತಾ?” ಒಗ್ಗುವಿಕೆ ಬೇರೆ, ಚಟ ಬೇರೆ. ಹೇಳಿದ ಡೋಸನ್ನ ಬಾಯಿಂದ ನುಂಗೋ ಮಗು ಎಷ್ಟೋ ಸಲ ಮಾತ್ರೆ ಮರೆತೇ ಹೋಗುತ್ತೆ. ಚಟ ಇದ್ದೋರು ಮರೆಯಲ್ಲ. ಭಯ ಪಡಬೇಕಾದ್ದು ಹಾಸ್ಟೆಲ್‌ಗಳಲ್ಲಿ ‘ಓದೋ ಮಾತ್ರೆ’ ಅಂತ ಹಂಚಿಕೊಳ್ಳೋ ಕಡೆ. ಇದು 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತುಗಳ ಕಾಯ್ದೆಯಡಿ ಬರೋ ಔಷಧಿ, ಇನ್ನೊಬ್ಬರಿಗೆ ಕೊಡೋದು ಅಪರಾಧ.

[ಪರದೆ ಮೇಲೆ: ಡೈರಿಯ ಒಂದು ಪುಟ]

ಏಳು ದಿನ ಬರೀರಿ. ಮಾತ್ರೆ ಕೊಟ್ಟ ಸಮಯ, ತಿಂಡಿ ತಿಂದಿದ್ದು, ರಾತ್ರಿ ಎಷ್ಟು ಗಂಟೆ ನಿದ್ದೆ, ಕಾಫಿ ಎಷ್ಟು, ರೇಗಾಟ ಶುರುವಾದ ಸಮಯ. ಮೇಷ್ಟ್ರ ಹತ್ತಿರ ಎರಡೇ ಅಂಕಿ ಕೇಳಿ: ಬೆಳಗ್ಗೆ ಎರಡನೇ ಪೀರಿಯಡ್, ಮಧ್ಯಾಹ್ನ ಮೂರು ಗಂಟೆ, ಗಮನಕ್ಕೆ ಸೊನ್ನೆಯಿಂದ ಮೂರರೊಳಗೆ ಅಂಕ. ಇದರ ಜೊತೆ ಎತ್ತರ, ತೂಕ, ನಾಡಿ, ಬಿಪಿ ದಾಖಲೆ ಮತ್ತು ಸ್ಟ್ರಿಪ್ ಇಟ್ಟುಕೊಂಡು ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಜೆಎಸ್‌ಎಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ, ಇಲ್ಲಾ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಮನೋವೈದ್ಯರು ಹತ್ತಿರದಲ್ಲಿ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಎಲ್ಲಿಗೆ ಹೋಗಬೇಕು ಅಂತ ಕೇಳಬಹುದು. ಎದೆನೋವು, ಪ್ರಜ್ಞೆ ತಪ್ಪೋದು, ಇಲ್ಲದ ಧ್ವನಿ ಕೇಳಿಸೋದು ಕಂಡ್ರೆ ಮಾತ್ರ ಡೈರಿ ಬರೀತಾ ಕೂರಬೇಡಿ, ಮುಂದಿನ ಡೋಸ್ ಕೊಡದೆ ಆ ದಿನವೇ ಆಸ್ಪತ್ರೆಗೆ ಹೋಗಿ.